ಹೂವರ್ ಬಗ್ಗೆ ಊರಿನ ಗ್ರಂಥಾಲಯದಲ್ಲಿ ಒಂದು ಗಂಟೆ ಮಾತಾಡುವುದು ಹೇಗೆ

ನಮ್ಮ ಕಾಸರಗೋಡಿನಲ್ಲಿ ಗ್ರಂಥಾಲಯ ಅಂದರೆ ಬರೀ ಪುಸ್ತಕ ಕೊಡುವ ಜಾಗ ಅಲ್ಲ. ಪೆರ್ಲ, ಬದಿಯಡ್ಕ, ಮುಳ್ಳೇರಿಯ, ಮಂಜೇಶ್ವರ, ಎಲ್ಲಿ ಹೋದರೂ ಉಪನ್ಯಾಸ, ಚರ್ಚೆ ಅಂತ ಏನಾದರೊಂದು ನಡೆಯುತ್ತಿರುತ್ತದೆ. ಕಾರ್ಯದರ್ಶಿಗೆ ತಲೆನೋವು ಅಂದರೆ ವಿಷಯ ಹುಡುಕುವುದು. ನನ್ನನ್ನು ಕೇಳಿದರೆ ಒಂದು ವಿಷಯ ಇದೆ: ಜೆ. ಎಡ್ಗರ್ ಹೂವರ್. ಅಮೆರಿಕದ ಕೇಂದ್ರ ತನಿಖಾ ಸಂಸ್ಥೆ ಎಫ್‌ಬಿಐಯನ್ನು ಸುಮಾರು 48 ವರ್ಷ ನಡೆಸಿದ ಮನುಷ್ಯ. ಇಲ್ಲಿಯವರಿಗೆ ಅದರಿಂದ ಏನು ಅಂತ ಅನ್ನಿಸಬಹುದು. ಆದರೆ ಪೊಲೀಸ್ ಮುಖ್ಯಸ್ಥನಿಗೆ ಎಷ್ಟು ಅಧಿಕಾರ, ಎಷ್ಟು ವರ್ಷ ಅನ್ನುವ ಪ್ರಶ್ನೆ ಇಲ್ಲಿಯದೂ ಹೌದು. ಅದನ್ನೇ ನಮ್ಮ ಊರಿನ ಅಧಿಕಾರಿಯ ಹೆಸರು ಹಿಡಿದು ಶುರು ಮಾಡಿದರೆ ಐದು ನಿಮಿಷದಲ್ಲಿ ಪಕ್ಷಗಳ ಜಗಳ ಆಗುತ್ತದೆ. ಹೂವರ್ ಪರವಾಗಿ ಗಲಾಟೆ ಮಾಡುವವರು ಇಲ್ಲಿ ಯಾರೂ ಇಲ್ಲ ಅಲ್ವಾ, ಅದೇ ಅನುಕೂಲ.

ಮೊದಲು ಪ್ರಶ್ನೆ ಗಟ್ಟಿ ಮಾಡಿಕೊಳ್ಳಿ. "ಹೂವರ್ ಒಳ್ಳೆಯವನೋ ಕೆಟ್ಟವನೋ" ಅಂತ ಇಟ್ಟರೆ ಸಭೆ ಎರಡು ಪಾಲಾಗಿ ಮನೆಗೆ ಹೋಗುತ್ತದೆ, ಯಾರಿಗೂ ಏನೂ ಸಿಗುವುದಿಲ್ಲ. ಬದಲಿಗೆ ಹೀಗೆ ಕೇಳಿ: ಇವನಿಗೆ "ಬೇಡ" ಅಂತ ಹೇಳುವ ಅಧಿಕಾರ ಯಾರಿಗಿತ್ತು, ಅವರು ಯಾಕೆ ಹೇಳಲಿಲ್ಲ? ಈ ಒಂದು ಪ್ರಶ್ನೆ ಕೈಯಲ್ಲಿದ್ದರೆ ಯಾವ ಘಟನೆ ಹೇಳಬೇಕು, ಯಾವುದನ್ನು ಬಿಡಬೇಕು ಅಂತ ತಾನಾಗಿಯೇ ಗೊತ್ತಾಗುತ್ತದೆ.

48 ವರ್ಷ ಅಂತ ಬಾಯಲ್ಲಿ ಹೇಳಿದರೆ ಯಾರಿಗೂ ತಟ್ಟುವುದಿಲ್ಲ. ನಮಗೆ ಗೊತ್ತಿರುವ ಇಸವಿಗಳ ಪಕ್ಕ ಇಟ್ಟು ಹೇಳಿ. ಗಾಂಧೀಜಿ ಬೆಳಗಾವಿ ಕಾಂಗ್ರೆಸ್ ಅಧಿವೇಶನದ ಅಧ್ಯಕ್ಷರಾದ 1924ರಲ್ಲೇ ಹೂವರ್ ಕುರ್ಚಿ ಹತ್ತಿದ್ದು. ಇಳಿಯಲೇ ಇಲ್ಲ. 1972ರ ಮೇ 2ರಂದು, ನಮ್ಮಲ್ಲಿ ಬಾಂಗ್ಲಾ ಯುದ್ಧ ಮುಗಿದು ತಿಂಗಳುಗಳು ಕಳೆದ ಮೇಲೆ, 77ನೇ ವಯಸ್ಸಿನಲ್ಲಿ ತೀರಿಕೊಂಡಾಗಲೂ ಆತನೇ ನಿರ್ದೇಶಕ. ನಡುವೆ ನಮ್ಮಲ್ಲಿ ಬ್ರಿಟಿಷರು ಹೋದರು, ನೆಹರೂ, ಶಾಸ್ತ್ರಿ ಬಂದು ಹೋದರು, ದಕ್ಷಿಣ ಕನ್ನಡದಲ್ಲಿದ್ದ ಕಾಸರಗೋಡು ಕೇರಳಕ್ಕೆ ಸೇರಿತು. ಅಲ್ಲಿ ಕೂಲಿಜ್‌ನಿಂದ ನಿಕ್ಸನ್ ತನಕ ಎಂಟು ಅಧ್ಯಕ್ಷರು. ಅವರಲ್ಲಿ ಒಬ್ಬರ ಹೆಸರು ಹರ್ಬರ್ಟ್ ಹೂವರ್. ಆ ಹೂವರ್ ಬೇರೆ, ಈ ಹೂವರ್ ಬೇರೆ, ಸಂಬಂಧ ಇಲ್ಲ. ಇದನ್ನು ಆರಂಭದಲ್ಲೇ ಹೇಳಿಬಿಡಿ, ಇಲ್ಲದಿದ್ದರೆ ಹಿಂದಿನ ಬೆಂಚಿನ ಮಾಸ್ಟ್ರೊಬ್ಬರು ಎದ್ದು ನಿಲ್ಲುವುದು ಖಂಡಿತ.

ಆಮೇಲೆ ಆತ ಕಟ್ಟಿದ್ದರ ಬಗ್ಗೆ ಹೇಳಿ. ಇದನ್ನು ಹಾರಿಸಬೇಡಿ. ಹಾರಿಸಿದರೆ ಉಳಿದದ್ದು ಬರೀ ಆರೋಪಪಟ್ಟಿ ಆಗುತ್ತದೆ. ಹೂವರ್ ರಾತ್ರಿ ಕಾಲೇಜಿನಲ್ಲಿ ಕಾನೂನು ಓದುವಾಗ ಹಗಲು ಕೆಲಸ ಮಾಡಿದ್ದು ಅಮೆರಿಕದ ಸಂಸತ್ತಿನ ಗ್ರಂಥಾಲಯದಲ್ಲಿ. ಗ್ರಂಥಾಲಯದ ಸಭೆಯಲ್ಲಿ ಈ ಮಾತಿಗೆ ಜನ ಕಿವಿ ನಿಮಿರಿಸುತ್ತಾರೆ, ನೋಡಿ. ಪುಸ್ತಕಕ್ಕೆ ಕಾರ್ಡ್ ಬರೆದು ಅಕ್ಷರದ ಕ್ರಮದಲ್ಲಿ ಜೋಡಿಸುವ ವಿದ್ಯೆಯನ್ನು ಆತ ಮನುಷ್ಯರ ಮೇಲೆ ಪ್ರಯೋಗಿಸಿದ. 1919ರಲ್ಲಿ ನ್ಯಾಯ ಇಲಾಖೆಯಲ್ಲಿ ಎಡಪಂಥೀಯರ ಮೇಲೆ ಕಣ್ಣಿಡುವ ವಿಭಾಗ ಸಿಕ್ಕಿದಾಗ ಆತ ಮಾಡಿದ್ದು ಇದನ್ನೇ, ಹೆಸರು, ಊರು, ಸಂಘಟನೆ ಎಲ್ಲದಕ್ಕೂ ಕಾರ್ಡ್.

1924ರಲ್ಲಿ ಬ್ಯೂರೋ, ಅಂದರೆ ಎಫ್‌ಬಿಐ, ಹಗರಣಗಳಲ್ಲಿ ಮುಳುಗಿತ್ತು. ನ್ಯಾಯ ಇಲಾಖೆಯ ಮುಖ್ಯಸ್ಥ, ಅಂದರೆ ಅಟಾರ್ನಿ ಜನರಲ್, ಹಾರ್ಲನ್ ಫಿಸ್ಕ್ ಸ್ಟೋನ್ ಅದನ್ನು ಶುಚಿ ಮಾಡಲು 29 ವರ್ಷದ ಈ ಹುಡುಗನನ್ನು ಕೂರಿಸಿದರು. ಸ್ಟೋನ್ ಹಾಕಿಕೊಟ್ಟ ಗೆರೆ ಸ್ಪಷ್ಟ: ಜನರ ರಾಜಕೀಯ ಅಭಿಪ್ರಾಯ ಬ್ಯೂರೋಗೆ ಸಂಬಂಧಿಸಿದ್ದಲ್ಲ, ಕಾನೂನು ಮುರಿದರೆ ಮಾತ್ರ ನೋಡಬೇಕು. ಹೂವರ್ ಶಿಫಾರಸಿನವರನ್ನು ಹೊರಗೆ ಹಾಕಿದ, ಬೆರಳಚ್ಚುಗಳನ್ನೆಲ್ಲ ಒಂದೇ ಕಡೆ ಸೇರಿಸಿದ, 1932ರಲ್ಲಿ ಪ್ರಯೋಗಾಲಯ ತೆರೆದ, 1935ರಲ್ಲಿ ಬೇರೆ ಊರುಗಳ ಪೊಲೀಸರಿಗೆ ತರಬೇತಿ ಕೊಡುವ ಅಕಾಡೆಮಿ ಶುರು ಮಾಡಿದ. ಇವತ್ತು ನಮ್ಮ ಸ್ಟೇಷನ್‌ಗಳಲ್ಲೂ ಬೆರಳಚ್ಚು, ಫೊರೆನ್ಸಿಕ್ ಅನ್ನುವ ಮಾತು ಸಾಮಾನ್ಯ. ಒಂದು ಇಡೀ ದೇಶಕ್ಕೆ ಅದನ್ನು ಅಭ್ಯಾಸ ಮಾಡಿಸಿದವರಲ್ಲಿ ಹೂವರ್ ದೊಡ್ಡ ಹೆಸರು. ಇನ್ನೊಂದು ವಿಷಯ ಜಾಸ್ತಿ ಜನಕ್ಕೆ ಗೊತ್ತಿಲ್ಲ. 1942ರಲ್ಲಿ ಜಪಾನಿ ಮೂಲದ ಅಮೆರಿಕನ್ನರನ್ನು ಸಾರಾಸಗಟಾಗಿ ಶಿಬಿರಗಳಿಗೆ ತುಂಬಿದಾಗ ಅದು ಬೇಡ ಅಂದವರಲ್ಲಿ ಹೂವರ್ ಕೂಡ ಒಬ್ಬ.

ಹಾಗಾದರೆ ಸ್ಟೋನ್ ಹಾಕಿದ ಗೆರೆ ಎಲ್ಲಿ ಅಳಿಸಿಹೋಯಿತು? ನಿಮ್ಮ ಮಾತಿನ ಜೀವ ಇರುವುದು ಇಲ್ಲಿ, ಅರ್ಧ ಸಮಯ ಇದಕ್ಕೇ ಕೊಡಿ. 1936ರ ಆಗಸ್ಟ್‌ನಲ್ಲಿ ಅಧ್ಯಕ್ಷ ರೂಸ್‌ವೆಲ್ಟ್ ಹೂವರ್‌ನನ್ನು ಕರೆದು ಕಮ್ಯೂನಿಸ್ಟರ ಮತ್ತು ಫ್ಯಾಸಿಸ್ಟರ ಬಗ್ಗೆ ಮಾಹಿತಿ ಸೇರಿಸಲು ಹೇಳಿದರು. ಬಾಯಿಮಾತಿನಲ್ಲಿ. ಹೊಸ ಕಾನೂನು ಆಗಲಿಲ್ಲ. 1963ರ ಅಕ್ಟೋಬರ್‌ನಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಅವರ ಫೋನ್ ಕದ್ದು ಕೇಳಲು ಒಪ್ಪಿಗೆ ಕೊಟ್ಟದ್ದು ಅಟಾರ್ನಿ ಜನರಲ್ ರಾಬರ್ಟ್ ಕೆನಡಿ. ಉದಾರವಾದಿ ಅಂತ ಹೆಸರಿದ್ದ ಅದೇ ಕೆನಡಿ. 1965ರ ಜನವರಿ 1ಕ್ಕೆ ಹೂವರ್‌ಗೆ 70 ತುಂಬುತ್ತಿತ್ತು, ನಿಯಮದ ಪ್ರಕಾರ ನಿವೃತ್ತಿ. 1964ರಲ್ಲೇ ಅಧ್ಯಕ್ಷ ಜಾನ್ಸನ್ ಆ ನಿಯಮದಿಂದ ವಿನಾಯಿತಿ ಕೊಟ್ಟರು. ಈ ಮೂರನ್ನೂ ಒಂದರ ಹಿಂದೆ ಒಂದು ಹೇಳಿ ಸ್ವಲ್ಪ ನಿಲ್ಲಿಸಿ. ಬೇಡ ಅನ್ನಬಹುದಾಗಿದ್ದವರೇ ಆತನ ಮಾಹಿತಿಯ ಗಿರಾಕಿಗಳಾಗಿದ್ದರು. ಹೂವರ್ ಹೆದರಿಸಿ ಕೂತಿದ್ದ ಅನ್ನುವ ಮಾತಿನಲ್ಲಿ ನಿಜ ಇದ್ದೀತು, ಆದರೆ ನನಗೆ ಆ ವಿವರಣೆ ಸಾಕಾಗುವುದಿಲ್ಲ. ಅಧ್ಯಕ್ಷರುಗಳಿಗೆ ಆತ ಬೇಕಾಗಿದ್ದ.

ಕೊಯಿಂಟೆಲ್‌ಪ್ರೋ ಅನ್ನುವ ಎಫ್‌ಬಿಐಯ ಗುಪ್ತ ಕಾರ್ಯಾಚರಣೆ ಬಗ್ಗೆ ಹೇಳದೆ ಆಗುವುದಿಲ್ಲ. ಇಸವಿ ನೆನಪಿಡುವುದು ಸುಲಭ: 1956ರ ಆಗಸ್ಟ್‌ನಲ್ಲಿ ಶುರು, ನಾವು ಕೇರಳದ ಪಾಲಾದದ್ದು ಅದೇ ವರ್ಷ ನವೆಂಬರ್ 1ಕ್ಕೆ. ಇದು ತನಿಖೆ ಅಲ್ಲ, ಒಡೆಯುವ ಕೆಲಸ. ಸಂಘಟನೆಯೊಳಗೆ ಅನುಮಾನ ಬಿತ್ತುವುದು, ಸುಳ್ಳು ಪತ್ರ ಬರೆಯುವುದು, ಗಂಡ ಹೆಂಡತಿಯರ ನಡುವೆ ಜಗಳ ತರುವುದು, ಕೆಲಸ ಕಳೆಯುವಂತೆ ಮಾಡುವುದು. ಮೊದಲು ಕಮ್ಯೂನಿಸ್ಟ್ ಪಕ್ಷ, ಆಮೇಲೆ ಕಪ್ಪು ಜನರ ಹಕ್ಕಿನ ಚಳವಳಿಗಳು, ಯುದ್ಧವಿರೋಧಿ ವಿದ್ಯಾರ್ಥಿಗಳು. ನಮ್ಮ ಕಡೆ ಸಭೆಯಲ್ಲಿ ಎಡದವರು ಇರುತ್ತಾರೆ, ಬಲದವರೂ ಇರುತ್ತಾರೆ. ಹಾಗಾಗಿ 1964ರಿಂದ ಬಿಳಿಯರ ಜನಾಂಗದ್ವೇಷಿ ಸಂಘಟನೆ ಕು ಕ್ಲುಕ್ಸ್ ಕ್ಲಾನ್ ಮೇಲೂ ಇದೇ ಕಾರ್ಯಾಚರಣೆ ನಡೆಯಿತು ಅಂತ ಮರೆಯದೆ ಹೇಳಿ. ಉಪಾಯ ಒಮ್ಮೆ ಕೈಗೆ ಬಂದ ಮೇಲೆ ಅದು ಒಂದೇ ದಿಕ್ಕಿಗೆ ಹೋಗುವುದಿಲ್ಲ. ಇಷ್ಟೆಲ್ಲ ಕಣ್ಣಿಟ್ಟವನಿಗೆ ಮಾಫಿಯಾ ಮಾತ್ರ ವರ್ಷಗಟ್ಟಲೆ ಕಾಣಲಿಲ್ಲ! ದೇಶವ್ಯಾಪಿ ಜಾಲ ಇದೆ ಅಂತ ಒಪ್ಪಿಕೊಳ್ಳಬೇಕಾಗಿ ಬಂದದ್ದು 1957ರ ನವೆಂಬರ್‌ನಲ್ಲಿ ನ್ಯೂಯಾರ್ಕ್ ರಾಜ್ಯದ ಅಪಲಾಚಿನ್ ಅನ್ನುವ ಹಳ್ಳಿಯಲ್ಲಿ ಮಾಫಿಯಾ ನಾಯಕರ ಸಭೆ ಸ್ಥಳೀಯ ಪೊಲೀಸರ ಕಣ್ಣಿಗೆ ಬಿದ್ದ ಮೇಲೆ.

ಈಗ ಕಾಗದ. ಉಪನ್ಯಾಸಕ್ಕಿಂತ ಜನ ಕಾಗದ ನೋಡಿ ಜಾಸ್ತಿ ಮಾತಾಡುತ್ತಾರೆ. ಎಫ್‌ಬಿಐ ವೆಬ್‌ಸೈಟ್‌ನಲ್ಲಿ "ವಾಲ್ಟ್" ಅನ್ನುವ ವಿಭಾಗ ಇದೆ, ಹಳೆಯ ಕಡತಗಳ ಸ್ಕ್ಯಾನ್ ಪ್ರತಿ ಬಿಟ್ಟಿ ಸಿಗುತ್ತದೆ. ಕಿಂಗ್, ಐನ್‌ಸ್ಟೈನ್, ಚಾರ್ಲಿ ಚಾಪ್ಲಿನ್ ಹೆಸರಿನಲ್ಲೂ ಕಡತ ಇದೆ. ಎಲ್ಲ ಬೇಡ. ನಾಲ್ಕೈದು ಪುಟ ಆರಿಸಿ ಅಕ್ಷಯ ಕೇಂದ್ರದಲ್ಲಿ ಪ್ರಿಂಟ್ ತೆಗೆಸಿ. ಮಳೆಗಾಲದಲ್ಲಿ ನಮ್ಮ ಕರೆಂಟನ್ನು ನಂಬಿ ಪ್ರೊಜೆಕ್ಟರ್ ಇಟ್ಟುಕೊಳ್ಳಬೇಡಿ. ಪುಟಗಳಲ್ಲಿ ಅಲ್ಲಲ್ಲಿ ಕಪ್ಪು ಬಳಿದಿರುತ್ತದೆ ಅಥವಾ ಖಾಲಿ ಬಿಟ್ಟಿರುತ್ತದೆ, ಪಕ್ಕದಲ್ಲಿ ಸಣ್ಣ ಸಂಕೇತ. ಬಿ1 ಅಂದರೆ ದೇಶದ ಭದ್ರತೆ, ಬಿ6 ಮತ್ತು ಬಿ7ಸಿ ಅಂದರೆ ಯಾರದೋ ಖಾಸಗಿ ವಿಷಯ, ಬಿ7ಡಿ ಅಂದರೆ ಗುಟ್ಟಾಗಿ ಮಾಹಿತಿ ಕೊಟ್ಟವರು. ಬಿ7ಡಿ ಜಾಸ್ತಿ ಇರುವ ಪುಟ ಕೊಟ್ಟು ನೋಡಿ. ಪಕ್ಕದಲ್ಲಿ ಕೂತು ಚಹಾ ಕುಡಿದವರೇ ಸುದ್ದಿ ಕೊಟ್ಟಿರಬಹುದಲ್ವಾ ಅಂತ ಸಭೆಯೇ ಹೇಳುತ್ತದೆ.

ಆದರೆ ಒಂದು ಎಚ್ಚರಿಕೆ. ಕಡತದಲ್ಲಿ ಬರೆದಿದೆ ಅಂದ ಮಾತ್ರಕ್ಕೆ ಅದು ನಿಜ ಅಲ್ಲ. ಯಾರೋ ಹೇಳಿದ್ದನ್ನು ಇನ್ಯಾರೋ ಟೈಪ್ ಮಾಡಿದ್ದು ಅಷ್ಟೆ. ಕಿಂಗ್ ಅವರ ವೈಯಕ್ತಿಕ ಜೀವನದ ಬಗ್ಗೆ ಅಲ್ಲಿರುವುದನ್ನು ಸಭೆಯಲ್ಲಿ ಓದಿದರೆ ನೀವು ಹೂವರ್‌ನ ಕೆಲಸವನ್ನೇ ಮುಂದುವರಿಸಿದ ಹಾಗೆ. ಓದಬೇಕಾದದ್ದು ಬೇರೆ: 1964ರ ನವೆಂಬರ್‌ನಲ್ಲಿ, ನೊಬೆಲ್ ಘೋಷಣೆ ಆದ ಮೇಲೆ, ಬ್ಯೂರೋದವರೇ ಬರೆದು, ಕದ್ದು ರೆಕಾರ್ಡ್ ಮಾಡಿದ ಟೇಪ್ ಜೊತೆ ಕಿಂಗ್ ಅವರಿಗೆ ಕಳಿಸಿದ ಹೆಸರಿಲ್ಲದ ಪತ್ರ. 34 ದಿನದ ಗಡುವು ಕೊಟ್ಟು, ನಿನಗೆ ಉಳಿದಿರುವ ದಾರಿ ಒಂದೇ ಅನ್ನುತ್ತದೆ. ಸಾಯಿ ಅಂತಲೇ ಕಿಂಗ್ ಅದನ್ನು ಅರ್ಥ ಮಾಡಿಕೊಂಡರು. ಏನೂ ಅಳಿಸದ ಪ್ರತಿ ಹೊರಗೆ ಬಂದದ್ದು 2014ರಲ್ಲಿ.

ಎಲ್ಲ ಕಾಗದ ಸಿಗುವುದಿಲ್ಲ ಅನ್ನುವುದೂ ಕಥೆಯ ಭಾಗ. ಕಾನೂನು ಮೀರಿ ಮನೆಗೆ ನುಗ್ಗಿದ ಕೆಲಸಗಳಿಗೆ "ಕಡತಕ್ಕೆ ಸೇರಿಸಬೇಡಿ" ಅನ್ನುವ ಪ್ರತ್ಯೇಕ ಕ್ರಮವೇ ಇತ್ತು. ಹೂವರ್ ತೀರಿಕೊಂಡ ಮೇಲೆ ಕಾರ್ಯದರ್ಶಿ ಹೆಲೆನ್ ಗ್ಯಾಂಡಿ ಆತನ ಖಾಸಗಿ ಕಡತಗಳನ್ನು ನಾಶ ಮಾಡಿದರು. 1975ರಲ್ಲಿ ಸಂಸತ್ತಿನ ಸಮಿತಿ ಕೇಳಿದಾಗ ಎಲ್ಲ ವೈಯಕ್ತಿಕ ಪತ್ರಗಳೇ ಅಂದರು. ಇನ್ನು ಕೊಯಿಂಟೆಲ್‌ಪ್ರೋ ಹೊರಬಿದ್ದದ್ದು ಯಾವ ಅಧಿಕಾರಿಯ ಕೃಪೆಯಿಂದಲೂ ಅಲ್ಲ. 1971ರ ಮಾರ್ಚ್ 8ರ ರಾತ್ರಿ, ಮೊಹಮ್ಮದ್ ಅಲಿ ಮತ್ತು ಜೋ ಫ್ರೇಜಿಯರ್ ಕುಸ್ತಿ, ಅಲ್ಲ, ಬಾಕ್ಸಿಂಗ್ ಪಂದ್ಯಕ್ಕೆ ಇಡೀ ದೇಶ ಕಿವಿಗೊಟ್ಟಿದ್ದಾಗ, ಪೆನ್ಸಿಲ್ವೇನಿಯಾದ ಮೀಡಿಯಾ ಅನ್ನುವ ಪುಟ್ಟ ಊರಿನ ಎಫ್‌ಬಿಐ ಕಚೇರಿಯ ಬೀಗ ಒಡೆದು ಸಾಮಾನ್ಯ ಜನರ ಒಂದು ಗುಂಪು ಕಡತಗಳನ್ನು ಹೊತ್ತೊಯ್ದು ಪತ್ರಿಕೆಗಳಿಗೆ ಕಳಿಸಿತು. ಪ್ರತಿ ಅಂಚೆಪೆಟ್ಟಿಗೆಯ ಹಿಂದೆಯೂ ಒಬ್ಬ ಎಫ್‌ಬಿಐ ಏಜೆಂಟ್ ಇದ್ದಾನೆ ಅಂತ ಜನಕ್ಕೆ ಅನ್ನಿಸಬೇಕು ಅನ್ನುವ ಅರ್ಥದ ಮಾತು ಅದರಲ್ಲಿ ಒಂದು ಕಾಗದದಲ್ಲಿತ್ತು. ಕದ್ದವರು ಸಿಕ್ಕಿಬೀಳಲೇ ಇಲ್ಲ. 2014ರಲ್ಲಿ ಅವರಲ್ಲಿ ಹೆಚ್ಚಿನವರು ತಾವಾಗಿಯೇ ಮುಂದೆ ಬಂದು ಹೇಳಿದರು. ಅದು ಕಳ್ಳತನ ಹೌದೋ ಅಲ್ಲವೋ ಅಂತ ಸಭೆಯಲ್ಲಿ ಹತ್ತು ನಿಮಿಷ ಬಿಟ್ಟುಬಿಡಿ, ನೀವು ಸುಮ್ನೆ ಕೂತುಕೊಳ್ಳಿ.

ಸತ್ತ ಮೇಲೆ ಏನಾಯಿತು ಅನ್ನುವುದು ಬೇಗ ಮುಗಿಯುತ್ತದೆ. 1975–76ರಲ್ಲಿ ಸೆನೆಟರ್ ಫ್ರಾಂಕ್ ಚರ್ಚ್ ಅವರ ಸಮಿತಿ ಎಲ್ಲವನ್ನೂ ಬಯಲಿಗೆ ಹಾಕಿತು. 1976ರ ಕಾನೂನು ಎಫ್‌ಬಿಐ ನಿರ್ದೇಶಕರಿಗೆ ಒಂದೇ ಅವಧಿ, ಗರಿಷ್ಠ 10 ವರ್ಷ ಅಂತ ಮಾಡಿತು. 1978ರಲ್ಲಿ ಗೂಢಚರ್ಯೆಯ ಹೆಸರಿನಲ್ಲಿ ಕದ್ದು ಕೇಳಲು ವಿಶೇಷ ನ್ಯಾಯಾಲಯದ ಅನುಮತಿ ಬೇಕು ಅಂತಾಯಿತು. 2011ರಲ್ಲಿ ರಾಬರ್ಟ್ ಮುಲ್ಲರ್‌ಗೆ ಎರಡು ವರ್ಷ ಜಾಸ್ತಿ ಕೊಡಲು ಹೊಸ ಕಾನೂನನ್ನೇ ತರಬೇಕಾಯಿತು. ಹಾಗಂತ 10 ವರ್ಷ ಗ್ಯಾರಂಟಿ ಏನಲ್ಲ, 2017ರಲ್ಲಿ ಜೇಮ್ಸ್ ಕೋಮಿಯನ್ನು ಅಧ್ಯಕ್ಷ ಟ್ರಂಪ್ ನಡುವೆಯೇ ತೆಗೆದುಹಾಕಿದರು. ಮಹಿಳೆಯರು ಏಜೆಂಟ್ ಆಗಲು ಬಾಗಿಲು ತೆರೆದದ್ದೂ ಹೂವರ್ ಸತ್ತ ಮೇಲೆ, 1972ರಲ್ಲೇ.

ಇಲ್ಲಿಂದ ಮನೆಗೆ ಬನ್ನಿ. ಅಲ್ಲಿನ ಭಯ ಒಬ್ಬನೇ ತುಂಬಾ ವರ್ಷ ಕೂತುಬಿಡುತ್ತಾನೆ ಅಂತ, ಅದಕ್ಕೆ ಗರಿಷ್ಠ ಮಿತಿ. ನಮ್ಮಲ್ಲಿ ತಕರಾರು ತಿರುಗಾಮುರುಗಾ: ಸರಕಾರಕ್ಕೆ ಬೇಡವಾದ ಅಧಿಕಾರಿ ಕೂರುವುದರೊಳಗೆ ವರ್ಗ ಆಗುತ್ತದೆ. ಅದಕ್ಕೇ 2006ರ ಪ್ರಕಾಶ್ ಸಿಂಗ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ರಾಜ್ಯ ಪೊಲೀಸ್ ಮುಖ್ಯಸ್ಥರಿಗೆ ಕನಿಷ್ಠ ಎರಡು ವರ್ಷ ಕೊಡಿ ಅಂದಿತು. ಕೇರಳದವರಿಗೆ ಉದಾಹರಣೆ ಹುಡುಕಬೇಕಿಲ್ಲ. 2016ರಲ್ಲಿ ಸರಕಾರ ಬದಲಾದ ಕೂಡಲೇ ಡಿಜಿಪಿ ಟಿ.ಪಿ. ಸೆನ್‌ಕುಮಾರ್ ಅವರನ್ನು ಸ್ಥಾನದಿಂದ ತೆಗೆದರು, 2017ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಮತ್ತೆ ಕೂರಿಸಿತು. ಎರಡೂ ದೇಶದ ನಿಯಮವನ್ನು ಬೋರ್ಡಿನಲ್ಲಿ ಪಕ್ಕಪಕ್ಕ ಬರೆದು, ಎಷ್ಟು ವರ್ಷ ಸರಿ ಅಂತ ಕೇಳಿ.

ರಾಜನ್ ಪ್ರಕರಣ ಯಾರಾದರೂ ಎತ್ತಿಯೇ ಎತ್ತುತ್ತಾರೆ, ಎತ್ತಲಿ. ತುರ್ತುಪರಿಸ್ಥಿತಿಯಲ್ಲಿ, 1976ರ ಮಾರ್ಚ್ 1ರಂದು, ಕಲ್ಲಿಕೋಟೆಯ ಇಂಜಿನಿಯರಿಂಗ್ ವಿದ್ಯಾರ್ಥಿ ರಾಜನ್‌ನನ್ನು ಪೊಲೀಸರು ಕರೆದೊಯ್ದರು, ಕಕ್ಕಯಂ ಶಿಬಿರಕ್ಕೆ. ಹುಡುಗ ವಾಪಸ್ ಬರಲಿಲ್ಲ, ಶವವೂ ಸಿಗಲಿಲ್ಲ. ತಂದೆ ಈಚರ ವಾರಿಯರ್ ಹೈಕೋರ್ಟಿಗೆ ಹೋದರು. ತುರ್ತುಪರಿಸ್ಥಿತಿಯಲ್ಲಿ ಗೃಹಮಂತ್ರಿಯಾಗಿದ್ದ ಕರುಣಾಕರನ್ 1977ರಲ್ಲಿ ಮುಖ್ಯಮಂತ್ರಿಯಾಗಿ ತಿಂಗಳು ಕಳೆಯುವಷ್ಟರಲ್ಲಿ ರಾಜೀನಾಮೆ ಕೊಡಬೇಕಾಯಿತು. ಇಲ್ಲಿ 48 ವರ್ಷದ ಹೂವರ್ ಯಾರೂ ಇರಲಿಲ್ಲ ಅನ್ನುವುದನ್ನು ಗಮನಕ್ಕೆ ತನ್ನಿ. ಹಾಗಾದರೆ ಅವಧಿಯ ಮಿತಿ ಒಂದೇ ಸಾಕಾ? ಚರ್ಚೆ ಬಿಸಿಯಾಗುವುದು ಇಲ್ಲಿ.

ಪ್ರಶ್ನೋತ್ತರಕ್ಕೆ ಸ್ವಲ್ಪ ತಯಾರಿ ಬೇಕು. ಹೂವರ್ ಹೆಂಗಸಿನ ಉಡುಪು ತೊಡುತ್ತಿದ್ದನಂತೆ ಹೌದಾ ಅಂತ ಒಬ್ಬರು ಕೇಳುತ್ತಾರೆ. 1993ರಲ್ಲಿ ಹಬ್ಬಿದ ಮಾತು, ಹೆಚ್ಚಿನ ಇತಿಹಾಸಕಾರರು ನಂಬುವುದಿಲ್ಲ, ನಿಜವೇ ಆಗಿದ್ದರೂ ನಮ್ಮ ಪ್ರಶ್ನೆಗೆ ಸಂಬಂಧ ಇಲ್ಲ ಅಂತ ಮುಗಿಸಿ. ನಮ್ಮ ಕೇಂದ್ರ ಗುಪ್ತಚರ ಸಂಸ್ಥೆ ಐಬಿಯ ಕಡತ ಹೀಗೆ ಸಿಗುತ್ತದಾ ಅಂತ ಇನ್ನೊಬ್ಬರು. ಮಾಹಿತಿ ಹಕ್ಕು ಕಾಯ್ದೆಯ 24ನೇ ಸೆಕ್ಷನ್ ಐಬಿಗೆ ವಿನಾಯಿತಿ ಕೊಟ್ಟಿದೆ, ಭ್ರಷ್ಟಾಚಾರ ಮತ್ತು ಮಾನವ ಹಕ್ಕು ಉಲ್ಲಂಘನೆಯ ಆರೋಪ ಇದ್ದರೆ ಮಾತ್ರ ಕೇಳಬಹುದು. ಕಿಂಗ್ ಅವರ ಟೇಪ್‌ಗಳು ಎಲ್ಲಿವೆ ಅಂತ ಕೇಳಿದರೆ: 1977ರಲ್ಲಿ ನ್ಯಾಯಾಲಯ 50 ವರ್ಷಕ್ಕೆ ಮುದ್ರೆ ಹಾಕಿ ರಾಷ್ಟ್ರೀಯ ಪತ್ರಾಗಾರದಲ್ಲಿ ಇಡಿಸಿತು, ಗಡುವು 2027ರ ಜನವರಿ 31. ಆಮೇಲೆ ಅದನ್ನು ಕೇಳಬೇಕಾ ಬೇಡವಾ ಅನ್ನುವುದನ್ನೇ ಮುಂದಿನ ಸಭೆಯ ವಿಷಯವಾಗಿ ಕಾರ್ಯದರ್ಶಿಯ ಪುಸ್ತಕದಲ್ಲಿ ಬರೆಸಿಬಿಡಿ.