ಹೊಳಪು ಕೊನೆಗಿರಲಿ: ಹಳೆಯ ಏರ್‌ಸ್ಟ್ರೀಮ್ ಟ್ರೇಲರ್ ದುರಸ್ತಿ ಹೇಗೆ?

ಹಳೆಯ ಏರ್‌ಸ್ಟ್ರೀಮ್ ಟ್ರೇಲರ್, ಅಂದರೆ ಕಾರಿನ ಹಿಂದೆ ಎಳೆದೊಯ್ಯುವ ಅಲ್ಯೂಮಿನಿಯಂ ಮೈಯ ಗಾಲಿಮನೆ, ಕೊಂಡವರು ಮನೆಗೆ ತಂದ ಮಾರನೇ ದಿನವೇ ಪಾಲಿಶ್ ಡಬ್ಬಿ ಹಿಡಿದು ನಿಲ್ಲುತ್ತಾರೆ. ಆ ಬೆಳ್ಳಿಮೈಗೆ ಮನಸೋತೇ ಅಲ್ಲವೇ ಕೊಂಡದ್ದು! ಆದರೆ ಐವತ್ತು ವರ್ಷ ದಾಟಿದ ಟ್ರೇಲರ್‌ಗೆ ‘ಮೇಲೆ ಥಳಕು, ಒಳಗೆ ಹುಳುಕು’ ಎಂಬ ಮಾತು ಹೇಳಿ ಮಾಡಿಸಿದಂತಿದೆ. ನೆಲ ಕುಂಬಾಗಿ, ಚಾಸಿ ತುಕ್ಕು ತಿಂದು, ಆಕ್ಸಲ್ ಸತ್ತಿದ್ದರೂ ಹೊರಗಿನ ತಗಡು ಮಾತ್ರ ಫಳಫಳ ಹೊಳೆಯಬಲ್ಲದು. ಆದ್ದರಿಂದ ಕೆಲಸ ಬುಡದಿಂದಲೇ ಶುರುವಾಗಬೇಕು: ಚಾಸಿ, ಆಕ್ಸಲ್, ನೆಲ, ಸೋರಿಕೆ, ವೈರಿಂಗ್, ಮರಗೆಲಸ. ಹೊಳಪಿನ ಸರದಿ ಎಲ್ಲಕ್ಕಿಂತ ಕೊನೆಗೆ.

ವಾಲಿ ಬಯಾಮ್ 1930ರ ದಶಕದಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಕಟ್ಟಿದ ಕಂಪನಿ ಇದು. ವಿಮಾನದ ಮಾದರಿಯಲ್ಲಿ ತಗಡು ಹೊದಿಸಿದ ‘ಕ್ಲಿಪ್ಪರ್’ ಬಂದದ್ದು 1936ರಲ್ಲಿ. ಓಹಾಯೊದ ಜಾಕ್ಸನ್ ಸೆಂಟರ್‌ನಲ್ಲಿ ಕಾರ್ಖಾನೆ ಶುರುವಾದದ್ದು 1952ರಲ್ಲಿ. ಚಂದ್ರನಿಂದ ಮರಳಿದ ಅಪೊಲೊ 11ರ ಯಾತ್ರಿಗಳನ್ನು 1969ರಲ್ಲಿ ಮೊದಲು ಕೂಡಿಹಾಕಿದ್ದು ಕೂಡ ಮಾರ್ಪಡಿಸಿದ ಒಂದು ಏರ್‌ಸ್ಟ್ರೀಮ್‌ನಲ್ಲೇ. ಅಮೆರಿಕದಲ್ಲಿ ನೆಲೆಸಿ, ಮನೆಯ ಪಕ್ಕ ಒಂದಿಷ್ಟು ಜಾಗವೂ ಕೈಕೆಲಸದ ಹುಚ್ಚೂ ಇರುವ ಓದುಗರಿಗೆ 1960ರ ದಶಕದ ಮಾದರಿಗಳು, ಅಂದರೆ 17 ಅಡಿಯ ಕ್ಯಾರವೆಲ್, 22 ಅಡಿಯ ಸಫಾರಿ, 26 ಅಡಿಯ ಓವರ್‌ಲ್ಯಾಂಡರ್ ಇಂಥವು, ಕೈಗೆಟುಕುವ ಗಾತ್ರದವು. ಮೊದಲ ಸಲ ಕೈಹಾಕುವವರು 22 ಅಡಿ ದಾಟದಿರುವುದೇ ಲೇಸು.

ಒಂದು ಸಂಗತಿ ಮೊದಲೇ ತಿಳಿದಿರಲಿ. ಇದು ಚಾಸಿಯ ಮೇಲೆ ಸುಮ್ಮನೆ ಕೂರಿಸಿದ ಡಬ್ಬವಲ್ಲ. ಸುಮಾರು 0.8 ಮಿ.ಮೀ. ದಪ್ಪದ ತಗಡು, ಒಳಗಿನ ಪಕ್ಕೆಲುಬುಗಳು, ಪ್ಲೈವುಡ್ ನೆಲ, ಕೆಳಗಿನ ಉಕ್ಕಿನ ಚಾಸಿ ನಾಲ್ಕೂ ಸೇರಿ ಭಾರ ಹೊರುತ್ತವೆ. ಗೋಡೆಯ ಬುಡದಲ್ಲಿರುವ ಅಲ್ಯೂಮಿನಿಯಂ ಚಾನೆಲ್, ಅದರಡಿಯ ಪ್ಲೈವುಡ್, ಅದರಡಿಯ ಚಾಸಿ ಮೂರನ್ನೂ ಒಂದೇ ಬೋಲ್ಟ್ ಬಿಗಿಹಿಡಿದಿರುತ್ತದೆ. ನಡುವಿನ ಮರ ಕೊಳೆತರೆ ಬೋಲ್ಟಿಗೆ ಹಿಡಿತವೇ ಇಲ್ಲ. ಆಗ ಚಾಸಿ ಒಂದು ಕಡೆ ಬಾಗುತ್ತದೆ, ಗೋಡೆ ಇನ್ನೊಂದು ಕಡೆ ಜಗ್ಗುತ್ತದೆ.

ಕೊಳ್ಳುವ ಮುನ್ನ

ಹಿಂದಿನ ಬಂಪರ್ ಮೇಲೆ ನಿಂತು ಮೆಲ್ಲಗೆ ಕುಪ್ಪಳಿಸಿ, ಇನ್ನೊಬ್ಬರಿಗೆ ಪಕ್ಕದಿಂದ ನೋಡಲು ಹೇಳಿ. ಬಂಪರ್ ಮಾತ್ರ ಕೆಳಗಿಳಿದು ಗೋಡೆ ಅಲ್ಲೇ ನಿಂತರೆ ಹಿಂಭಾಗ ಚಾಸಿಯಿಂದ ಬೇರ್ಪಟ್ಟಿದೆ ಎಂದರ್ಥ. ಉದ್ದದ ಟ್ರೇಲರ್‌ಗಳಲ್ಲಿ ಇದು ಮಾಮೂಲು ಕಾಯಿಲೆ. ಸರಿಪಡಿಸಬಹುದು, ಆದರೆ ಬೆಲೆ ಚೌಕಾಸಿ ಮಾಡುವಾಗ ಮರೆಯಬೇಡಿ. ಒಳಗೆ ಹೋಗಿ ಬಾಗಿಲ ಬಳಿ, ಹಿಂದಿನ ಎರಡೂ ಮೂಲೆಗಳಲ್ಲಿ, ಮುಂದಿನ ಕಿಟಕಿಯ ಕೆಳಗೆ ಗೋಡೆಯಂಚಿನ ನೆಲವನ್ನು ಸ್ಕ್ರೂಡ್ರೈವರ್‌ನಿಂದ ಚುಚ್ಚಿ ನೋಡಿ. ನಡುವಿನ ನೆಲ ಗಟ್ಟಿಯಾಗಿದೆ ಎಂದು ಮಾರುವವರು ತುಳಿದು ತೋರಿಸುತ್ತಾರೆ, ಕೊಳೆಯುವುದು ಅಂಚಿನಲ್ಲಿ.

1966ರಿಂದ 1968ರವರೆಗಿನ ಮಾದರಿಗಳಲ್ಲಿ ಕಾರ್ನಿಂಗ್ ಕಂಪನಿಯ ಬಾಗಿದ ತೆಳು ಗಾಜಿನ ಕಿಟಕಿಗಳಿವೆ. ಒಡೆದರೆ ಬದಲಿ ಸಿಗುವುದು ಕಷ್ಟ, ಸಿಕ್ಕರೂ ದುಬಾರಿ. ಎಷ್ಟು ಗಾಜು ನೆಟ್ಟಗಿವೆ ಎಂದು ಎಣಿಸಿಕೊಳ್ಳಿ. ಮಾಲೀಕತ್ವದ ಕಾಗದ ಇಲ್ಲದ ಟ್ರೇಲರ್ ಎಷ್ಟೇ ಅಗ್ಗವಾಗಿದ್ದರೂ ಬೇಡ.

ಬಿಚ್ಚುವ ಕೆಲಸ

ಪ್ರತಿ ಮೂಲೆಯ ಫೋಟೊ ತೆಗೆಯಿರಿ. ಒಳಗಿನ ತಗಡು, ಕಪಾಟು, ಪಟ್ಟಿ ಎಲ್ಲಕ್ಕೂ ಹಿಂಬದಿಯಲ್ಲಿ ಮಾರ್ಕರ್ ಪೆನ್ನಿನಿಂದ ನಂಬರ್ ಹಾಕಿ. ಸೀಸದ ಕಡ್ಡಿ ಬೇಡ: ಅದರ ಗ್ರಾಫೈಟ್ ಉಳಿದಲ್ಲಿ ಅಲ್ಯೂಮಿನಿಯಂ ಸವೆಯುತ್ತದೆ. ಹಳೆಯ ಕಪಾಟು ಹಾಳಾಗಿದ್ದರೂ ಎಸೆಯಬೇಡಿ. ಗೋಡೆಯ ಬಾಗಿಗೆ ಸರಿಹೊಂದುವ ಅಚ್ಚು ಅದೊಂದೇ.

ಗೋಡೆಯೊಳಗಿನ ಗಾಜುನಾರಿನಲ್ಲಿ ಇಲಿಗಳ ಸಂಸಾರ ಇದ್ದೇ ಇರುತ್ತದೆ. ಒಣ ಹಿಕ್ಕೆಯನ್ನು ಗುಡಿಸಿದರೆ ಧೂಳಿನ ಮೂಲಕ ಹಂಟಾವೈರಸ್ ಸೋಂಕು ತಗಲುವ ಅಪಾಯವಿದೆ. ಒಂದು ಪಾಲು ಬ್ಲೀಚ್‌ಗೆ ಒಂಬತ್ತು ಪಾಲು ನೀರು ಬೆರೆಸಿ ಚೆನ್ನಾಗಿ ತೋಯಿಸಿ, ಐದು ನಿಮಿಷ ಬಿಟ್ಟು, ಕೈಗವಸು ಹಾಕಿ ಬಳಿದು ತೆಗೆಯಿರಿ. ಆ ಕಾಲದ ನೆಲದ ಟೈಲ್ಸ್ ಮತ್ತು ಅದರ ಅಂಟಿನಲ್ಲಿ ಕಲ್ನಾರು (ಆಸ್ಬೆಸ್ಟಾಸ್) ಇರಬಹುದು. ಒಂದು ತುಂಡನ್ನು ಲ್ಯಾಬ್‌ಗೆ ಕಳಿಸಿ ಫಲಿತಾಂಶ ಬರುವವರೆಗೆ ಕೆರೆಯಲು, ಮರಳುಕಾಗದ ಹಾಕಲು ಹೋಗಬೇಡಿ.

ಚಾಸಿ ಮತ್ತು ಆಕ್ಸಲ್

ಕೆಳಹೊಟ್ಟೆಯ ತಗಡು ಬಿಚ್ಚಿದರೆ ಚಾಸಿ ಕಾಣುತ್ತದೆ. ಸುತ್ತಿಗೆಯಿಂದ ತಟ್ಟುತ್ತಾ ಹೋಗಿ. ಗಟ್ಟಿ ಉಕ್ಕು ಠಣ್ ಎನ್ನುತ್ತದೆ, ತುಕ್ಕು ತಿಂದದ್ದು ಬೊದ್ದು ಸದ್ದು ಕೊಡುತ್ತದೆ. ಹಿಂದಿನ ಕೊನೆಯ ಅಡ್ಡಪಟ್ಟಿ ಮತ್ತು ಗೋಡೆಯನ್ನು ಹೊರುವ ಪಕ್ಕದ ಚಾಚುಗಳು ಮೊದಲು ಹೋಗುತ್ತವೆ. ಅವನ್ನು ಕತ್ತರಿಸಿ ಹೊಸದನ್ನು ಬೆಸುಗೆ ಹಾಕಿಸಿ. ಉಳಿದದ್ದನ್ನು ತಂತಿಬ್ರಷ್‌ನಿಂದ ಉಜ್ಜಿ ತುಕ್ಕುನಿರೋಧಕ ಪೇಂಟ್ ಎರಡು ಕೋಟ್ ಹೊಡೆಯಿರಿ. ಉಕ್ಕು ಅಲ್ಯೂಮಿನಿಯಂ ಎರಡೂ ತಾಗುವ ಕಡೆಯೆಲ್ಲ ನಡುವೆ ಟೇಪಿನ ಪದರ ಕಡ್ಡಾಯ. ಎರಡು ಲೋಹದ ನಡುವೆ ತೇವ ಸೇರಿದರೆ ಬಲಿಯಾಗುವುದು ಅಲ್ಯೂಮಿನಿಯಮ್ಮೇ.

1960ರ ದಶಕದ ಆರಂಭದಿಂದ ಈ ಟ್ರೇಲರ್‌ಗಳಿಗೆ ಸ್ಪ್ರಿಂಗ್ ಪಟ್ಟಿಯ ಬದಲು ಟಾರ್ಷನ್ ಆಕ್ಸಲ್ ಬಂತು. ಕೊಳವೆಯೊಳಗೆ ರಬ್ಬರ್ ದಿಂಡುಗಳಿದ್ದು, ಚಕ್ರದ ತೋಳು ತಿರುಗಿದಾಗ ಅವು ಒತ್ತಿಕೊಂಡು ಕುಲುಕಾಟ ಹೀರುತ್ತವೆ. ರಬ್ಬರಿನ ಆಯಸ್ಸು 25–30 ವರ್ಷ. ಟ್ರೇಲರ್ ನೆಲದ ಮೇಲೆ ನಿಂತಿದ್ದಾಗ ತೋಳು ಆಕ್ಸಲ್‌ನಿಂದ ಚಕ್ರದ ಕಡೆಗೆ ಕೆಳಮುಖವಾಗಿರಬೇಕು. ಅಡ್ಡಮಟ್ಟಕ್ಕಿಂತ ಮೇಲೇರಿದ್ದರೆ ರಬ್ಬರ್ ಸತ್ತಿದೆ. ರಸ್ತೆಯ ಪ್ರತಿ ಗುಂಡಿಯ ಪೆಟ್ಟೂ ತಗಡುಗಳನ್ನು ಹಿಡಿದಿಟ್ಟಿರುವ ರಿವೆಟ್ ಮೊಳೆಗಳಿಗೆ ನೇರ ಬೀಳುತ್ತದೆ. ಇದನ್ನು ರಿಪೇರಿ ಮಾಡಲಾಗದು, ಇಡೀ ಆಕ್ಸಲ್ ಬದಲಿಸಬೇಕು. ಆರ್ಡರ್ ಕೊಡುವಾಗ ಚಕ್ರ ಕೂರುವ ಎರಡು ಹಬ್‌ಗಳ ನಡುವಿನ ಅಂತರ, ಚಾಸಿಗೆ ಕೂರುವ ಬ್ರಾಕೆಟ್‌ಗಳ ನಡುವಿನ ಅಂತರ, ತೋಳಿನ ಆರಂಭದ ಕೋನ (22.5 ಡಿಗ್ರಿ ಕೆಳಮುಖ ಸಾಮಾನ್ಯ), ಬ್ರೇಕ್ ಅಳತೆ, ತೂಕದ ಸಾಮರ್ಥ್ಯ ಇಷ್ಟನ್ನೂ ಹೇಳಬೇಕು. ‘ಇರಲಿ’ ಎಂದು ತೀರಾ ಹೆಚ್ಚಿನ ಸಾಮರ್ಥ್ಯದ್ದು ತರಿಸಿದರೆ ರಬ್ಬರ್ ಬಾಗುವುದೇ ಇಲ್ಲ, ಹಳೆಯ ಸತ್ತ ಆಕ್ಸಲ್ಲಿಗೂ ಅದಕ್ಕೂ ವ್ಯತ್ಯಾಸವಿರದು. ಜ್ಯಾಕ್ ಕೊಡುವುದು ಬ್ರಾಕೆಟ್ ತಟ್ಟೆಯ ಕೆಳಗೆ. ಆಕ್ಸಲ್ ಕೊಳವೆಗೆ ಎಂದೂ ಅಲ್ಲ.

ನೆಲ: ಇಲ್ಲಿ ಅವಸರ ಬೇಡ

ಇಡೀ ಮೈಯನ್ನು ಚಾಸಿಯಿಂದ ಎತ್ತಿ ಕೆಲಸ ಮಾಡುವುದು ಒಂದು ದಾರಿ, ಎತ್ತದೆ ತುಂಡುತುಂಡಾಗಿ ನೆಲ ಬದಲಿಸುವುದು ಇನ್ನೊಂದು. ಚಾಸಿಯೇ ತುಕ್ಕಿನಿಂದ ತೂತು ಬಿದ್ದಿದ್ದರೆ ಎತ್ತಲೇಬೇಕು. ಅದಕ್ಕೆ ಒಳಗೆ ಮರದ ಅಡ್ಡಗೂಟಗಳ ಕಟ್ಟು, ಮುಂದೊಂದು ಹಿಂದೊಂದು ಕಮಾನು, ಚೈನ್ ಪುಲ್ಲಿ, ನಾಲ್ಕಾರು ಜನ ಬೇಕು. ಚಾಸಿ ಗಟ್ಟಿಯಿದ್ದರೆ ಎರಡನೆಯ ದಾರಿಯೇ ಮನೆಯಲ್ಲಿ ಮಾಡುವವರಿಗೆ ಸರಿ.

ಮೊದಲು ಟ್ರೇಲರನ್ನು ಜ್ಯಾಕ್ ಸ್ಟ್ಯಾಂಡ್‌ಗಳ ಮೇಲೆ ನಿಲ್ಲಿಸಿ, ಉದ್ದಕ್ಕೂ ಅಡ್ಡಕ್ಕೂ ರಸಮಟ್ಟ ಇಟ್ಟು ಸಮ ಮಾಡಿ. ಚಾಸಿ ಅರ್ಧ ಇಂಚು ತಿರುಚಿದ್ದಾಗ ಹೊಸ ನೆಲ ಬಿಗಿದರೆ ಆ ತಿರುಚೇ ಕಾಯಂ ಆಗುತ್ತದೆ, ಬಾಗಿಲು ಮತ್ತೆಂದೂ ಸರಿಯಾಗಿ ಮುಚ್ಚುವುದಿಲ್ಲ. ಒಂದು ಸಲಕ್ಕೆ ಒಂದೇ ಹಲಗೆ ತೆಗೆಯಿರಿ. ತೆಗೆದ ಜಾಗದಲ್ಲಿ ಗೋಡೆಗಳು ಹೊರಕ್ಕೆ ಸರಿಯದಂತೆ ಎರಡೂ ಬದಿಯ ಚಾನೆಲ್‌ಗೆ ಸೇರಿಸಿ ಅಡ್ಡಲಾಗಿ 2×4 ಇಂಚಿನ ಮರದ ರೀಪು ಬಿಗಿಯಿರಿ.

ಹಳೆಯ ಹಲಗೆಯ ದಪ್ಪವನ್ನು ಕೊಳೆಯದ ಕಡೆ ಅಳೆದು ಅಷ್ಟೇ ದಪ್ಪದ್ದನ್ನು ತನ್ನಿ. ಮರೀನ್ ಪ್ಲೈವುಡ್ ಒಳ್ಳೆಯದು. ಅಂಗಡಿಯವರು ‘ಇದು ಕೊಳೆಯುವುದೇ ಇಲ್ಲ’ ಎಂದು ಔಷಧಿ ಹಾಕಿದ ಹಸಿರು ಛಾಯೆಯ ಪ್ಲೈವುಡ್ ತೋರಿಸಬಹುದು. ಮುಟ್ಟಬೇಡಿ. ಅದರಲ್ಲಿರುವ ತಾಮ್ರದ ಲವಣ ಅಲ್ಯೂಮಿನಿಯಂ ಚಾನೆಲ್ಲನ್ನೇ ತಿನ್ನುತ್ತದೆ. ಮುಂದೆ ಹಿಂದೆ ದುಂಡಗಿರುವ ತುಂಡುಗಳಿಗೆ ರಟ್ಟಿನಲ್ಲಿ ಅಚ್ಚು ಕತ್ತರಿಸಿ ಕೂರಿಸಿ ನೋಡಿ, ಆಮೇಲೆ ಮರಕ್ಕೆ ಗರಗಸ ಹಾಕಿ. ಬೋಲ್ಟಿನ ತೂತುಗಳನ್ನೆಲ್ಲ ಕೊರೆದ ನಂತರ ಅಂಚಿನಿಂದ ಒಂದಡಿ ಒಳಕ್ಕೆ ಎರಡೂ ಬದಿ, ತೂತುಗಳ ಒಳಗೋಡೆಗೂ ಸೇರಿ, ತೆಳು ಎಪಾಕ್ಸಿ ಎರಡು ಕೋಟ್ ಕುಡಿಸಿ. ನೀರು ಹೀರುವುದು ಹಲಗೆಯ ಅಂಚೇ ಹೊರತು ಮುಖವಲ್ಲ.

ಹಿಂದಿನ ಬಂಪರ್ ಪೆಟ್ಟಿಗೆಯ ತಗಡು ಗೋಡೆಯೊಳಗೆ ಸೇರುವ ಸಂದಿನ ಮೇಲೆ ವಿಶೇಷ ಕಣ್ಣಿರಲಿ. ಹಿಂಭಾಗ ಕೊಳೆಯಲು ಮುಖ್ಯ ಕಾರಣ ಈ ಸಂದಿನಿಂದ ನೇರ ಪ್ಲೈವುಡ್ ಅಂಚಿಗೆ ಇಳಿಯುವ ನೀರು.

ಸೋರಿಕೆ, ರಿವೆಟ್

ಒಳತಗಡು ಬಿಚ್ಚಿರುವಾಗಲೇ ಸೋರಿಕೆ ಹುಡುಕಬೇಕು. ಒಬ್ಬರು ಟಾರ್ಚ್ ಹಿಡಿದು ಒಳಗೆ, ಇನ್ನೊಬ್ಬರು ಪೈಪ್ ಹಿಡಿದು ಹೊರಗೆ. ಕೆಳಗಿನಿಂದ ಶುರುಮಾಡಿ ಮೇಲೇರುತ್ತಾ, ಒಂದೊಂದು ಭಾಗಕ್ಕೂ ಐದು ನಿಮಿಷ ನೀರು ಬಿಡಿ. ಮೇಲಿನಿಂದ ಶುರುಮಾಡಿದರೆ ನೀರು ಎಲ್ಲೋ ಒಳನುಗ್ಗಿ ಪಕ್ಕೆಲುಬಿನ ಗುಂಟ ಹರಿದು ಇನ್ನೆಲ್ಲೋ ತೊಟ್ಟಿಕ್ಕುತ್ತದೆ. ಚಾವಣಿಯ ಗಾಳಿಕಿಂಡಿ, ಕಿಟಕಿಯ ಮೇಲಂಚು, ದೀಪದ ಬುಡ, ಹಿಂದಿನ ಯಾರೋ ಕೊರೆದು ಬಿಟ್ಟ ತೂತು: ಇವೇ ಸಾಮಾನ್ಯ ಅಪರಾಧಿಗಳು.

ಮುಚ್ಚಲು ಪಾಲಿಯುರೆಥೇನ್ ಸೀಲಂಟ್ ಬಳಸಿ. ಸಣ್ಣ ಸಂದುಗಳಿಗೆ ತೆಳ್ಳಗೆ ಹರಿಯುವ ಅಕ್ರಿಲಿಕ್ ಸೀಲಂಟ್. ಸಿಲಿಕೋನ್ ಮಾತ್ರ ಹತ್ತಿರ ತರಬೇಡಿ. ವಿನೆಗರ್ ವಾಸನೆಯ ಬಗೆ ಒಣಗುವಾಗ ಆಮ್ಲ ಬಿಟ್ಟು ಲೋಹ ಸವೆಸುತ್ತದೆ. ಯಾವ ಬಗೆಯದ್ದೇ ಆಗಲಿ, ಅದರ ಜಿಡ್ಡಿನ ಮೇಲೆ ಮುಂದೆ ಇನ್ನಾವ ಅಂಟೂ ಹಿಡಿಯುವುದಿಲ್ಲ. ಹಳಬರು ಬಳಿದಿದ್ದರೆ ಪ್ಲಾಸ್ಟಿಕ್ ಕೆರೆಪಟ್ಟಿಯಿಂದ ಪೂರ್ತಿ ತೆಗೆದ ಮೇಲಷ್ಟೇ ಹೊಸದು.

ಸಡಿಲ ರಿವೆಟ್ಟನ್ನು ಅದರ ಸುತ್ತಲಿನ ಕಪ್ಪು ಮಸಿಯಿಂದ ಗುರುತಿಸಬಹುದು. 1/8 ಇಂಚಿನ ರಿವೆಟ್ಟಾದರೆ 30 ನಂಬರಿನ ಡ್ರಿಲ್ ಬಿಟ್‌ನಿಂದ ತಲೆಯ ಆಳದಷ್ಟೇ ಕೊರೆದು, ತಲೆ ಮುರಿದು, ಕಾಂಡವನ್ನು ಪಂಚ್‌ನಿಂದ ಹೊರದಬ್ಬಿ. ಪೂರ್ತಿ ಕೊರೆದರೆ ತೂತು ಮೊಟ್ಟೆಯಾಕಾರಕ್ಕೆ ಅಗಲವಾಗುತ್ತದೆ. ಹಾಗಾದಲ್ಲಿ 5/32 ಇಂಚಿನದಕ್ಕೆ ಏರಿ, 21 ನಂಬರಿನ ಬಿಟ್ ಬಳಸಬೇಕು. ಹೊಸ ಗಟ್ಟಿ ರಿವೆಟ್ಟಿನ ಉದ್ದ ತಗಡುಗಳ ಒಟ್ಟು ದಪ್ಪಕ್ಕೆ ರಿವೆಟ್ ವ್ಯಾಸದ ಒಂದೂವರೆ ಪಟ್ಟು ಸೇರಿಸಿದಷ್ಟು. ತಗಡು ಮತ್ತು ಪಕ್ಕೆಲುಬು ಸೇರುವ ಕಡೆ 1/8ರ ರಿವೆಟ್ ಸಾಮಾನ್ಯವಾಗಿ 1/4 ಇಂಚು ಉದ್ದವಿದ್ದರೆ ಸಾಕು. ಹೊರಗಿನವರು ರಿವೆಟ್ ಗನ್ ಒತ್ತುತ್ತಾರೆ, ಒಳಗಿನವರು ಉಕ್ಕಿನ ಗಟ್ಟಿಯನ್ನು ಕಾಂಡಕ್ಕೆ ಆನಿಸಿ ಹಿಡಿಯುತ್ತಾರೆ. ಒಳಗೆ ಚಪ್ಪಟೆಯಾದ ತಲೆಯ ಅಗಲ ವ್ಯಾಸದ ಒಂದೂವರೆ ಪಟ್ಟು, ದಪ್ಪ ಅರ್ಧದಷ್ಟಿರಬೇಕು. ಒಳಗಿನವರು ‘ಸಿದ್ಧ’ ಎನ್ನುವ ಮೊದಲೇ ಗನ್ ಒತ್ತಿದರೆ ತಗಡು ಕುಳಿ ಬೀಳುತ್ತದೆ, ಅದನ್ನು ಎತ್ತುವ ಉಪಾಯವಿಲ್ಲ. ಒಳಗೆ ಕೈ ಹೋಗದ ಕಡೆ ಒಲಿಂಪಿಕ್ ರಿವೆಟ್: ಹೊರಗಿನಿಂದಲೇ ಎಳೆದು ಕೂರಿಸಿ, ತುದಿಯನ್ನು ರಿವೆಟ್ ಶೇವರ್ ಯಂತ್ರದಿಂದ ಹೆರೆದರೆ ಹಳೆಯದರಂತೆಯೇ ಕಾಣುತ್ತದೆ.

ವೈರಿಂಗ್, ಅನಿಲ, ಒಳಾಂಗಣ

ಪಕ್ಕೆಲುಬಿನ ತೂತುಗಳಿಗೆಲ್ಲ ರಬ್ಬರ್ ಬಳೆ ತೊಡಿಸದೆ ಒಂದು ವೈರನ್ನೂ ಎಳೆಯಬೇಡಿ. ತಗಡಿನ ಅಂಚು ಅದರ ಪ್ಲಾಸ್ಟಿಕ್ ಹೊದಿಕೆಯನ್ನು ಕುಯ್ದರೆ ಇಡೀ ಮೈಗೆ ಕರೆಂಟ್ ಬರುತ್ತದೆ. ಅಮೆರಿಕದ 120 ವೋಲ್ಟ್, 30 ಆಂಪಿಯರ್ ಸಂಪರ್ಕಕ್ಕೆ 10 ಗೇಜ್ ತಾಮ್ರದ ವೈರ್ ಬೇಕು. ಮನೆಯ ಮುಖ್ಯ ಪ್ಯಾನೆಲ್‌ನಲ್ಲಿ ನ್ಯೂಟ್ರಲ್ ಮತ್ತು ಅರ್ಥ್ ಜೋಡಿಸಿರುತ್ತಾರೆ; ಟ್ರೇಲರ್ ಪ್ಯಾನೆಲ್‌ನಲ್ಲಿ ಎರಡೂ ಬೇರೆಯಾಗಿಯೇ ಇರಬೇಕು, ಅರ್ಥ್ ಮಾತ್ರ ಚಾಸಿಗೂ ಮೈತಗಡಿಗೂ ಬಿಗಿದಿರಬೇಕು. ಯೂನಿವೋಲ್ಟ್ ಎಂಬ ಹಳೆಯ ಚಾರ್ಜರ್ ಪೆಟ್ಟಿಗೆ ಬ್ಯಾಟರಿಯನ್ನು ಕುದಿಸುತ್ತದೆ, ಅದನ್ನು ಕಿತ್ತುಹಾಕಿ. ಅನಿಲದ ಕೊಳವೆಯ ಒತ್ತಡ ಪರೀಕ್ಷೆಯನ್ನು ಲೈಸೆನ್ಸ್ ಇದ್ದವರಿಗೇ ಬಿಡಿ.

ಕಪಾಟುಗಳನ್ನು ಅರ್ಧ ಇಂಚಿನ ಪ್ಲೈವುಡ್‌ನಲ್ಲಿ ಮಾಡಿ. ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ಭಾರ, ತೇವಕ್ಕೆ ಉಬ್ಬುತ್ತದೆ. ಮುಗಿದ ಮೇಲೆ ಲಾರಿ ತೂಗುವ ತೂಕಸೇತುವೆಗೆ ಒಯ್ಯಿರಿ. ಹಿಚ್ ಮೇಲೆ, ಅಂದರೆ ಎಳೆಯುವ ವಾಹನದ ಕೊಂಡಿಯ ಮೇಲೆ, ಬೀಳುವ ಭಾರ ಒಟ್ಟು ತೂಕದ ಶೇ 10ರಿಂದ 15ರ ನಡುವೆ ಇರಬೇಕು. ಅದಕ್ಕಿಂತ ಕಡಿಮೆಯಾದರೆ ಹೆದ್ದಾರಿಯಲ್ಲಿ ಬಾಲ ಬೀಸುತ್ತದೆ. ಆಗ ನೀರಿನ ಟ್ಯಾಂಕ್, ಬ್ಯಾಟರಿಗಳ ಜಾಗ ಮುಂದಕ್ಕೆ ಸರಿಸಿ. ಮೊದಲ ಓಟದಲ್ಲಿ 50 ಮೈಲಿಯ ನಂತರ ನಿಲ್ಲಿಸಿ ಚಕ್ರದ ನಟ್‌ಗಳನ್ನು ಮತ್ತೆ ಬಿಗಿಯಿರಿ.

ಈಗ ಹೊಳಪು

ಹೊರತಗಡು ಆಲ್‌ಕ್ಲಾಡ್: ಗಟ್ಟಿ ಮಿಶ್ರಲೋಹದ ಮೇಲೆ ಶುದ್ಧ ಅಲ್ಯೂಮಿನಿಯಮ್ಮಿನ ಪದರ, ಸುಮಾರು 0.04 ಮಿ.ಮೀ. ಹೊಳೆಯುವುದೂ ತುಕ್ಕು ತಡೆಯುವುದೂ ಇದೇ. ಮರಳುಕಾಗದ, ಉಕ್ಕಿನ ನಾರು ಹಾಕಿದರೆ ಪದರವೇ ಹೋಗುತ್ತದೆ. 1960ರ ದಶಕದ ಮಧ್ಯದಿಂದ ಕಾರ್ಖಾನೆಯಲ್ಲೇ ಪಾರದರ್ಶಕ ಲೇಪ ಬಳಿಯುತ್ತಿದ್ದರು. ಅಲ್ಯೂಮಿನಿಯಮ್ಮಿಗೆ ಹೊಂದುವ ಸ್ಟ್ರಿಪ್ಪರ್‌ನಿಂದ ಅದನ್ನು ನೆರಳಿನಲ್ಲಿ ತೆಗೆಯಿರಿ. ಲೇಪದಡಿ ಹುಳು ಹರಿದಂತೆ ಬಿಳಿ ಗೆರೆಗಳಿದ್ದರೆ ಅದು ಲೋಹದೊಳಗೇ ಇಳಿದ ಸವೆತ, ಉಜ್ಜಿದರೆ ಹೋಗದು.

ಮೊದಲ ಸುತ್ತಿಗೆ ಉಣ್ಣೆಯ ಪ್ಯಾಡ್ ಹಾಕಿದ ರೋಟರಿ ಯಂತ್ರ, ನಿಮಿಷಕ್ಕೆ 1500–2000 ಸುತ್ತಿನ ವೇಗ. ಒಂದು ಸಲಕ್ಕೆ ಎರಡಡಿ ಚೌಕ. ಪೇಸ್ಟ್ ನಾಲ್ಕೈದು ಬೊಟ್ಟು ಸಾಕು, ಹೆಚ್ಚಾದರೆ ಕಪ್ಪು ಜಿಡ್ಡು ಮೆತ್ತಿಕೊಳ್ಳುತ್ತದೆ. ಮೊದಲು ಕಪ್ಪಗಾಗಿ, ಉಜ್ಜುತ್ತಾ ಹೋದಂತೆ ತಿಳಿಯಾದಾಗ ಮುಂದಿನ ಚೌಕಕ್ಕೆ ಸರಿಯಿರಿ. ರಿವೆಟ್ ಸಾಲಿನ ಮೇಲೆ ಯಂತ್ರವನ್ನು ಒತ್ತಬೇಡಿ. ಕೊನೆಯ ಸುತ್ತಿಗೆ ನಯವಾದ ಪೇಸ್ಟ್, ಹತ್ತಿಬಟ್ಟೆ ಕಟ್ಟಿದ ಎರಡು ತಲೆಯ ಸೈಕ್ಲೋ ಯಂತ್ರ. ರೋಟರಿ ಬಿಟ್ಟ ಸುರುಳಿ ಗುರುತು ಅಳಿಯುವುದು ಇದರಿಂದಲೇ. 22 ಅಡಿಯ ಟ್ರೇಲರಿಗೆ ನೂರು ಗಂಟೆ ಸುಲಭವಾಗಿ ಹಿಡಿಯುತ್ತದೆ. ಆಲಿಕಲ್ಲಿನ ಕುಳಿಗಳನ್ನು ತಿದ್ದಲು ಹೋಗಬೇಡಿ. ಮನೆಯಲ್ಲಿ ಮತ್ತೆ ಪಾರದರ್ಶಕ ಲೇಪ ಹೊಡೆಯುವುದೂ ಬೇಡ: ಕೆಲವೇ ವರ್ಷಗಳಲ್ಲಿ ಸಿಪ್ಪೆ ಏಳುತ್ತದೆ, ಮತ್ತೆ ಸ್ಟ್ರಿಪ್ಪರ್ ಹಿಡಿಯಬೇಕಾಗುತ್ತದೆ. ಬದಲಿಗೆ ವರ್ಷಕ್ಕೊಮ್ಮೆ ಕೊನೆಯ ಸುತ್ತಿನ ಪೇಸ್ಟ್ ಮಾತ್ರ ಹಾಕಿ ಉಜ್ಜಿದರೆ ಸಾಕು.