ಸ್ವಿಫ್ಟ್ ಡಿಕ್ಕಿಯ ಮೂಲೆಯಲ್ಲಿ ಹತ್ತಿಂಚಿನ ಸಬ್‌ವೂಫರ್‌ಗೆ ಫೈಬರ್ ಬಾಕ್ಸ್: ನನ್ನ ಅನುಭವ

"ಫೈಬರ್ ಬೇಡ ಸಾರ್, ಡಬಡಬ ಅನ್ನುತ್ತೆ. ಎಂಡಿಎಫ್‌ನಲ್ಲೇ ಮಾಡಿಸಿ." ಎಂಡಿಎಫ್ ಅಂದರೆ ಮರದ ನಾರು ಒತ್ತಿ ಮಾಡಿದ ಹಲಗೆ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಯಾವ ಕಾರ್ ಆಡಿಯೋ ಅಂಗಡಿಗೆ ಹೋದರೂ ಇದೇ ಮಾತು. ಮಾಡಿಕೊಡ್ತೀನಿ ಅಂದ ಒಬ್ಬರು ಹದಿನೆಂಟು ಸಾವಿರ ಕೇಳಿದರು, ಸಬ್‌ವೂಫರ್ (ಬೇಸ್ ಸದ್ದಿನ ಸ್ಪೀಕರ್) ಬೇರೆ ನಮ್ಮದೇ. ಕೊನೆಗೆ ನಾನೇ ಮಾಡಿಕೊಂಡೆ. ಈಗ ಬಾಕ್ಸ್ ನನ್ನ ಹಳೆ ಸ್ವಿಫ್ಟ್‌ನ ಡಿಕ್ಕಿಯ ಪಕ್ಕದ ಗುಂಡಿಯಲ್ಲಿ ಕೂತಿದೆ. ಒಂದು ಮಳೆಗಾಲ, ಒಂದು ಬೇಸಿಗೆ ಕಳೆದಿದೆ. ಎಲ್ಲೂ ಬಿರುಕಿಲ್ಲ, ಗಾಳಿ ಸೋರಿಕೆ ಇಲ್ಲ, ಸ್ಟೆಪ್ನಿ ತೆಗೆಯೋಕೆ ಬಾಕ್ಸ್ ಮುಟ್ಟಬೇಕಾಗಿಲ್ಲ. ಡಬಡಬ ಅನ್ನೋದು ಫೈಬರ್‌ನ ಗುಣ ಅಲ್ಲ. ಮೂರೇ ಪದರ ಗಾಜಿನ ನಾರಿನ ಮ್ಯಾಟ್ ಹಾಕಿ, ಮೇಲೆ ಪೇಸ್ಟ್ ಬಳಿದು, ಪೇಂಟ್ ಹೊಡೆದು ಕೊಟ್ಟರೆ ಏನು ಮಾಡಿದರೂ ಅನ್ನುತ್ತೆ.

ಆ ಸ್ವಿಫ್ಟ್‌ನ ಡಿಕ್ಕಿ ಇರೋದೇ 204 ಲೀಟರ್. ಹತ್ತಿಂಚಿನ ಎಂಡಿಎಫ್ ಡಬ್ಬ ಇಟ್ಟರೆ ಒಂದು ಸೂಟ್‌ಕೇಸಿನ ಜಾಗ ಹೋಯಿತು. ನನ್ನ ಸಬ್‌ಗೆ ಸೀಲ್ಡ್ (ಪೂರ್ತಿ ಮುಚ್ಚಿದ) ಬಾಕ್ಸ್ 0.65 ಘನ ಅಡಿ ಆಸುಪಾಸು ಬೇಕಿತ್ತು, ಅಂದರೆ ಹದಿನೆಂಟು ಹದಿನೆಂಟೂವರೆ ಲೀಟರ್. ಸಬ್‌ನ ಮ್ಯಾಗ್ನೆಟ್ಟು, ಬ್ಯಾಸ್ಕೆಟ್ಟು (ಲೋಹದ ಚೌಕಟ್ಟು) ತಿನ್ನೋ ಜಾಗ ಒಂದೂವರೆ ಲೀಟರ್ ಅಂತ ಸೇರಿಸಿ ಇಪ್ಪತ್ತು ಗುರಿ ಇಟ್ಟುಕೊಂಡೆ. ಪಕ್ಕದ ಗುಂಡಿಯಲ್ಲಿ ಸಿಗೋದು ಅದರ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ, ಉಳಿದದ್ದು ಹೊಟ್ಟೆ ಥರ ಹೊರಗೆ ಬರಬೇಕು. ಪೆಟ್ರೋಲ್ ಪೈಪ್ ಇಳಿಯೋ ಪಕ್ಕ ಮಾತ್ರ ಆರಿಸಬೇಡಿ. ಜಾಗವೂ ಕಮ್ಮಿ, ಅಪಾಯವೂ ಹೌದು.

ಸಾಮಾನಿನ ಲೆಕ್ಕ ನೆನಪಿನಿಂದ ಹೇಳ್ತೀನಿ. ಜಿಪಿ ರೆಸಿನ್ (ಮ್ಯಾಟಿಗೆ ಕುಡಿಸಿ ಗಟ್ಟಿಮಾಡೋ ಸಾಧಾರಣ ಪಾಲಿಯೆಸ್ಟರ್ ದ್ರವ) ಆರು ಕೆಜಿ, ಕೆಜಿಗೆ ಇನ್ನೂರರ ಹತ್ತಿರ. 450 ಜಿಎಸ್‌ಎಂ (ಚದರ ಮೀಟರಿಗೆ 450 ಗ್ರಾಂ) ಚಾಪ್ಡ್ ಮ್ಯಾಟ್ ಎರಡು ಕೆಜಿ, ಎಲ್ಲ ಸೇರಿ ನಾನೂರು. ರೆಸಿನ್ ಗಟ್ಟಿ ಮಾಡೋ ಹಾರ್ಡ್ನರ್, ಅದರ ಕೆಲಸ ಚುರುಕು ಮಾಡೋ ಕೋಬಾಲ್ಟ್, ಎರಡು ಲೀಟರ್ ಅಸಿಟೋನ್ ಸೇರಿ ಆರೇಳು ನೂರು. ಬಾಡಿ ಪೇಸ್ಟ್ (ಮೈ ನುಣುಪು ಮಾಡೋ ಪುಟ್ಟಿ) ಎರಡು ಕೆಜಿ, ಹದಿನೆಂಟು ಎಂಎಂ ಎಂಡಿಎಫ್ ತುಂಡು, ಫ್ಲೀಸ್ ಬಟ್ಟೆ, ಕಾರ್ಪೆಟ್ಟು, ಬ್ರಷ್ಷು, ಗ್ಲೌಸು, ಕಟಿಂಗ್ ಚಕ್ರ ಎಲ್ಲ ಸೇರಿ ಆರು ಸಾವಿರ ದಾಟಲಿಲ್ಲ. ರೆಸಿನ್ನು, ಮ್ಯಾಟು ಪೀಣ್ಯದ ಕಡೆ ಎಫ್‌ಆರ್‌ಪಿ (ಗಾಜಿನ ನಾರು ಸೇರಿದ ಪ್ಲಾಸ್ಟಿಕ್) ಸಾಮಾನು ಮಾರೋರ ಹತ್ತಿರ ತಗೊಳ್ಳಿ. ಪೇಂಟ್ ಅಂಗಡಿಯ ಅರ್ಧ ಕೆಜಿ ಡಬ್ಬಕ್ಕೆ ಹತ್ತಿರ ಹತ್ತಿರ ಡಬಲ್ ರೇಟು, ಎಷ್ಟು ಹಳೇದು ಅಂತಲೂ ಗೊತ್ತಾಗಲ್ಲ. ಅವಧಿ ಮುಗಿದ ರೆಸಿನ್ ಜೇನುತುಪ್ಪದ ಹಾಗೆ ದಪ್ಪ ಆಗಿರುತ್ತೆ, ಮ್ಯಾಟ್ ಒಳಗೆ ಇಳಿಯೋದಿಲ್ಲ.

ಒಂದು ಎಚ್ಚರಿಕೆ ಬರೆಯಲೇಬೇಕು. ಕೋಬಾಲ್ಟನ್ನ ಮೊದಲು ರೆಸಿನ್‌ಗೆ ಹಾಕಿ ಚೆನ್ನಾಗಿ ಕದಡಿ, ಆಮೇಲೆ ಬೇರೆ ಅಳತೆ ಕಪ್ಪಿನಲ್ಲಿ ಹಾರ್ಡ್ನರ್ ಹಾಕಿ. ಎರಡನ್ನೂ ನೇರವಾಗಿ ಬೆರೆಸಿದರೆ ಬೆಂಕಿ ಹೊತ್ತಿಕೊಳ್ಳುತ್ತೆ, ಸಿಡಿಯಲೂಬಹುದು. ಈಗಾಗಲೇ ಕೋಬಾಲ್ಟ್ ಬೆರೆಸಿದ ರೆಸಿನ್ ಕೂಡ ಸಿಗುತ್ತೆ, ಅದನ್ನೇ ಕೇಳಿ.

ಮೊದಲು ಡಿಕ್ಕಿಯ ಪ್ಲಾಸ್ಟಿಕ್ ಟ್ರಿಮ್ ಪೂರ್ತಿ ಬಿಚ್ಚಿ. ತಗಡಿನ ಮೇಲೆ ಎರಡು ಸುತ್ತು ಮಾಸ್ಕಿಂಗ್ ಟೇಪು, ಒಂದರ ಮೇಲೊಂದು ಅರ್ಧ ಹತ್ತೋ ಹಾಗೆ. ಅದರ ಮೇಲೆ ಅಡಿಗೆ ಮನೆಯ ಅಲ್ಯುಮಿನಿಯಂ ಫಾಯಿಲ್, ಅದರ ಮೇಲೆ ವ್ಯಾಕ್ಸ್ ಪಾಲಿಶ್. ಬರೀ ಟೇಪ್ ಸಾಕು ಅನ್ನೋರಿದ್ದಾರೆ. ರೆಸಿನ್‌ನ ಸ್ಟೈರೀನ್ ಅನ್ನೋ ದ್ರಾವಕ ಟೇಪಿನ ಗೋಂದನ್ನ ಮೆತ್ತಗೆ ಮಾಡುತ್ತೆ, ಅಂಚಿನಿಂದ ಒಳಗೆ ನುಗ್ಗಿ ಬಾಡಿಗೆ ಅಂಟಿಕೊಳ್ಳುತ್ತೆ. ಸೀಟು, ಬಾಗಿಲಿನ ರಬ್ಬರು, ಬಂಪರಿನ ಮೇಲ್ಭಾಗ ಎಲ್ಲಕ್ಕೂ ಪ್ಲಾಸ್ಟಿಕ್ ಹಾಳೆ ಹೊದಿಸಿ.

ಹೆಚ್ಚಿನವರ ಕೆಲಸ ಕೆಡೋದು ಇಲ್ಲೇ. ಗುಂಡಿಯನ್ನೇ ಅಚ್ಚು ಮಾಡಿಕೊಂಡು ಮ್ಯಾಟ್, ರೆಸಿನ್ ಹಾಕ್ತೀವಿ; ಬಾಯಿಗಿಂತ ಒಳಗಿನ ಹೊಟ್ಟೆ ದೊಡ್ಡದಿದ್ದರೆ ಗಟ್ಟಿಯಾದ ಚಿಪ್ಪು ಹೊರಗೆ ಬರೋದಿಲ್ಲ. ಸ್ವಿಫ್ಟ್‌ನಲ್ಲಿ ಟೈಲ್ ಲ್ಯಾಂಪಿನ ಕೆಳಗಿನ ತಗಡಿನ ಮಡಿಕೆ, ಚಕ್ರದ ಕಮಾನಿನ ಹಿಂದಿನ ಸಂದು, ಇವೆರಡೂ ಚಿಪ್ಪನ್ನ ಕಚ್ಚಿ ಹಿಡಿಯುತ್ತವೆ. ಮ್ಯಾಟ್ ಹಾಕೋಕೆ ಮುಂಚೆ ಅಲ್ಲಿ ರಟ್ಟು, ಸ್ಪಂಜು ತುಂಬಿ ಟೇಪ್ ಹೊಡೆದು ಒಳಗಿಂದ ಹೊರಗೆ ಅಗಲವಾಗ್ತಾ ಬರೋ ಆಕಾರ ಮಾಡಿಕೊಳ್ಳಿ. ಅರ್ಧ ಲೀಟರ್ ಹೋದರೆ ಹೋಗಲಿ. ಅದಿಲ್ಲದಿದ್ದರೆ ಚಿಪ್ಪನ್ನ ಗ್ರೈಂಡರ್‌ನಲ್ಲಿ ಎರಡು ಹೋಳು ಮಾಡಿ ತೆಗೆಯಬೇಕು, ಆ ಜೋಡಣೆ ಮುಂದೆ ಯಾವತ್ತೂ ನಂಬಿಕೆಗೆ ಬರಲ್ಲ.

ಮ್ಯಾಟನ್ನ ಕತ್ತರಿಸಬೇಡಿ, ಅಂಗೈ ಅಗಲಕ್ಕೆ ಹರಿದುಕೊಳ್ಳಿ. ಹರಿದ ಅಂಚು ಪಕ್ಕದ ತುಂಡಿನ ಜೊತೆ ಬೆರೆಯುತ್ತೆ, ಕತ್ತರಿಸಿದ ಅಂಚು ಗೆರೆಯಾಗಿ ಉಳಿಯುತ್ತೆ. ಒಂದು ಸಲಕ್ಕೆ ಮುನ್ನೂರು ನಾನೂರು ಗ್ರಾಂಗಿಂತ ಹೆಚ್ಚು ರೆಸಿನ್ ಕಲಸಬೇಡಿ. ಕೆಜಿಗೆ ಹತ್ತರಿಂದ ಹದಿನೈದು ಎಂಎಲ್ ಹಾರ್ಡ್ನರ್ ಹಾಕಿದರೆ ಬೆಂಗಳೂರಿನ ಹವೆಯಲ್ಲಿ ಹದಿನೈದು ಇಪ್ಪತ್ತು ನಿಮಿಷ ಸಿಗುತ್ತೆ. ಬೇಗ ಆಗಲಿ ಅಂತ ಜಾಸ್ತಿ ಹಾಕಿದರೆ ಕಪ್ಪಿನಲ್ಲೇ ಹೊಗೆ ಬಂದು ಬಿರಿಯುತ್ತೆ. ಬಿಸಿಲಲ್ಲಿ ನಿಧಾನ ಆಗಲಿ ಅಂತ ತೀರ ಕಮ್ಮಿ ಮಾಡಿದರೆ ಎಷ್ಟು ದಿನ ಬಿಟ್ಟರೂ ಒಳಗೆ ಹಸಿಯೇ. ಮಳೆ ಹಿಡಿದ ದಿನ ಕೆಲಸವನ್ನೇ ಇಟ್ಟುಕೊಳ್ಳಬೇಡಿ, ತೇವ ಹೀರಿದ ಮ್ಯಾಟ್ ಬೆಳ್ಳಗೆ ಕಾಣುತ್ತೆ, ರೆಸಿನ್ ಕುಡಿಯಲ್ಲ.

ಕಾರಿನ ಒಳಗೆ ಎರಡೇ ಪದರ ಹಾಕಿದೆ, ಎಲ್ಲಾ ಬಾಗಿಲು ತೆಗೆದಿಟ್ಟು. ರಾತ್ರಿ ಹಾಗೇ ಬಿಟ್ಟು, ಬೆಳಿಗ್ಗೆ ಮರದ ಪಟ್ಟಿಯಿಂದ ಅಂಚು ಎಬ್ಬಿಸಿ ಹೊರಗೆ ತೆಗೆದೆ. ಉಳಿದ ನಾಲ್ಕು ಪದರ ಕಾರಿನ ಹೊರಗೆ, ಎರಡೆರಡಾಗಿ. ಆರನ್ನೂ ಒಂದೇ ಏಟಿಗೆ ಹಾಕಿದರೆ ಶಾಖಕ್ಕೆ ಚಿಪ್ಪು ಸೊಟ್ಟ ಆಗುತ್ತೆ, ಮತ್ತೆ ಗುಂಡಿಯಲ್ಲಿ ಕೂರಲ್ಲ. 450ರ ಮ್ಯಾಟ್ ಒಂದು ಪದರ ಹೆಚ್ಚುಕಮ್ಮಿ ಒಂದು ಎಂಎಂ ದಪ್ಪ ಕೊಡುತ್ತೆ, ಆರು ಪದರಕ್ಕೆ ಆರು ಎಂಎಂ. ಪ್ರತಿ ಪದರಕ್ಕೂ ಅಲ್ಯುಮಿನಿಯಂ ರೋಲರ್ ಓಡಿಸಿ ಗಾಳಿಗುಳ್ಳೆ ತೆಗೆಯಬೇಕು. ಮ್ಯಾಟಿನ ತೂಕದ ಎರಡರಿಂದ ಎರಡೂವರೆ ಪಟ್ಟು ರೆಸಿನ್ ಸಾಕು. ಅದಕ್ಕಿಂತ ಜಾಸ್ತಿ ಆದರೆ ಬಾಕ್ಸ್ ಭಾರ ಆಗುತ್ತೆ, ಗಟ್ಟಿ ಆಗಲ್ಲ.

ಅಂಚು ಕತ್ತರಿಸುವಾಗ ತುಂಬು ತೋಳು, ಮಾಸ್ಕು, ಕನ್ನಡಕ. ಗಾಜಿನ ಧೂಳು ಅಂಟದ ಹಾಗೆ ಕುತ್ತಿಗೆಗೆ ಮೊದಲೇ ಪೌಡರ್ ಬಳಿದುಕೊಂಡು, ಮುಗಿದ ಮೇಲೆ ತಣ್ಣೀರಲ್ಲೇ ಸ್ನಾನ ಮಾಡಿ.

ಸಬ್ ಕೂರೋ ರಿಂಗ್‌ಗೆ ಹದಿನೆಂಟು ಎಂಎಂ ಎಂಡಿಎಫ್ ಎರಡು, ಒಂದಕ್ಕೊಂದು ಫೆವಿಕಾಲ್ ಹಾಕಿ ಕ್ಲಾಂಪ್. ಒಳ ರಿಂಗಿನ ತೂತು ನಿಮ್ಮ ಸಬ್ ಕಟೌಟಿನಷ್ಟು, ನನ್ನದಕ್ಕೆ 230 ಎಂಎಂ ಸುಮಾರು. ಹೊರ ರಿಂಗು ಫ್ರೇಮ್ ಮುಳುಗೋ ಅಳತೆ, ಜೊತೆಗೆ ಕಾರ್ಪೆಟ್ ದಪ್ಪಕ್ಕೆ ಎರಡು ಮೂರು ಎಂಎಂ. ಇದನ್ನ ಮರೆತರೆ ಕೊನೆಗೆ ಸಬ್ ಕೂರಲ್ಲ. ಟಿ-ನಟ್ (ಮರದೊಳಗೆ ಕೂರೋ ನಟ್) ಈಗಲೇ ಬಡಿದುಬಿಡಿ. ಎಂಡಿಎಫ್‌ಗೆ ಬರೀ ಸ್ಕ್ರೂ ಹಾಕಿದರೆ ನಾಲ್ಕು ಸಲ ಬಿಚ್ಚಿ ಹಾಕೋದರೊಳಗೆ ಸಡಿಲ ಆಗುತ್ತೆ. ರಿಂಗನ್ನ ರೀಪರ್ ಪಟ್ಟಿ, ಹಾಟ್ ಗ್ಲೂನಿಂದ ಚಿಪ್ಪಿಗೆ ನಿಲ್ಲಿಸಿ, ಮ್ಯಾಗ್ನೆಟ್ ಹಿಂದೆ ಕನಿಷ್ಠ 25 ಎಂಎಂ ಜಾಗ ಬಿಡಿ. ಎಲ್ಲವನ್ನೂ ಕಾರಿನಲ್ಲಿಟ್ಟು ಡಿಕ್ಕಿ ಬಾಗಿಲು ಮುಚ್ಚಿ ನೋಡಿ, ಹಿಂದಿನ ಸೀಟು ಮಡಚಿ ನೋಡಿ. ರಿಂಗಿನ ಕೋನ ನಾನು ಹೇಗೆ ನಿಗದಿ ಮಾಡಿದೆ ಅನ್ನೋದು ನನ್ನ ಹತ್ತಿರವೇ ಇರಲಿ. ಅದಕ್ಕೊಂದು ಸುಲಭದ ಉಪಾಯ ಇದೆ, ಕಾರು ಬಿಟ್ಟು ಇಳಿಯದೇ ಗೊತ್ತಾಗುತ್ತೆ ಅಂತಷ್ಟೇ ಹೇಳ್ತೀನಿ.

ರಿಂಗಿನಿಂದ ಚಿಪ್ಪಿನ ಅಂಚಿನ ತನಕ ಬಟ್ಟೆ ಎಳೆದು ರೆಸಿನ್ ಬಳಿದರೆ ಅದೇ ಮುಂಭಾಗ. ಬಟ್ಟೆ ಯಾವುದು? ಹಳೆ ಹೊಸಿಯರಿ ಟೀ ಶರ್ಟ್ ರೆಸಿನ್ ಕುಡಿದ ತಕ್ಷಣ ಭಾರಕ್ಕೆ ಜೋತುಬೀಳುತ್ತೆ. ಆಟಕ್ಕೆ ಹಾಕ್ಕೊಳ್ಳೋ ನುಣುಪು ಜರ್ಸಿ ಬಟ್ಟೆ ಚೆನ್ನಾಗಿ ಎಳೆಯುತ್ತೆ, ಆದರೆ ಅಷ್ಟು ತೆಳು ಬಟ್ಟೆಯಲ್ಲಿ ರೆಸಿನ್ ನಿಲ್ಲೋದಿಲ್ಲ, ಉಗುರು ಹಾಕಿದರೆ ಸಿಪ್ಪೆ ಏಳುತ್ತೆ. ಚಿಕ್ಕಪೇಟೆಯಲ್ಲಿ ಮೀಟರ್ ಲೆಕ್ಕದಲ್ಲಿ ಸಿಗೋ ಸ್ವೆಟರ್ ಫ್ಲೀಸೇ ಸರಿ. ರೆಸಿನ್ ಜಾಸ್ತಿ ಕುಡಿಯುತ್ತೆ ನಿಜ, ನನ್ನದು ಒಂದು ಕೆಜಿ ಹತ್ತಿರ ಕುಡಿಯಿತು. ಸುಕ್ಕಿಲ್ಲದ ಹಾಗೆ ಎಳೆದು, ಅಂಚಿಗೆ ಫೆವಿಕ್ವಿಕ್, ರಿಂಗಿಗೆ ಸ್ಟೇಪ್ಲರ್.

ರೆಸಿನ್ ಬಳಿಯೋ ಮುಂಚೆ ಗಾತ್ರ ಅಳೆಯಬೇಕು. ಬೀನ್ ಬ್ಯಾಗಿನ ಥರ್ಮಕೋಲ್ ಗುಂಡುಗಳನ್ನ ಲೀಟರ್ ಜಗ್ಗಿನಲ್ಲಿ ಅಳೆದು ತುಂಬಿದರೆ ಸಾಕು. ಆಮೇಲೆ ಒಂದು ಕಾಳೂ ಉಳಿಯದ ಹಾಗೆ ತೆಗೆದುಬಿಡಿ. ಪಾಲಿಯೆಸ್ಟರ್ ರೆಸಿನ್ ಥರ್ಮಕೋಲನ್ನ ಕರಗಿಸಿಬಿಡುತ್ತೆ, ಆ ಅಂಟು ಎಂದೂ ಗಟ್ಟಿಯಾಗಲ್ಲ. ಥರ್ಮಕೋಲನ್ನೇ ಕೆತ್ತಿ ಮೇಲೆ ಎಪಾಕ್ಸಿ ಹಾಕೋ ಪದ್ಧತಿಯನ್ನೂ ಒಂದು ಸಣ್ಣ ಟ್ವೀಟರ್ (ತೀಕ್ಷ್ಣ ಸದ್ದಿನ ಸ್ಪೀಕರ್) ಗೂಡಿಗೆ ಮಾಡಿ ನೋಡಿದೆ. ಎಪಾಕ್ಸಿ ಥರ್ಮಕೋಲ್ ತಿನ್ನಲ್ಲ, ವಾಸನೆಯೂ ಕಮ್ಮಿ. ಆದರೆ ರೇಟು ಮೂರು ಪಟ್ಟಿಗೂ ಮೇಲೆ, ಚಾಪ್ಡ್ ಮ್ಯಾಟಿನ ಬೈಂಡರ್ ಕರಗೋಕೆ ಸ್ಟೈರೀನೇ ಬೇಕು. ಎಪಾಕ್ಸಿಗೆ ನೇಯ್ದ ಗಾಜಿನ ಬಟ್ಟೆ ತರಬೇಕಾಗುತ್ತೆ. ಸಬ್ ಬಾಕ್ಸಿಗೆ ಆ ಖರ್ಚು ದಂಡ.

ಫ್ಲೀಸ್ ಗಟ್ಟಿಯಾದ ಮೇಲೆ ಎಲ್ಲರೂ ಹೊರಗಿಂದ ಮ್ಯಾಟ್ ಹೊದಿಸುತ್ತಾರೆ. ನಾನು ಹೊರಗೆ ಎರಡು, ರಿಂಗಿನ ತೂತಿನಿಂದ ಕೈ ಹಾಕಿ ಒಳಗೆ ಎರಡು ಹಾಕಿದೆ. ಫೈಬರ್ ಬಾಕ್ಸ್ ಸೋಲೋದು ಎರಡೇ ಕಡೆ: ರಿಂಗು ಬಟ್ಟೆ ಸೇರೋ ಸುತ್ತು, ಹಿಂದಿನ ಚಿಪ್ಪು ಮುಂದಿನ ಮೈ ಸೇರೋ ಅಂಚು. ಎರಡು ಬೆರಳು ಅಗಲದ ಮ್ಯಾಟ್ ಪಟ್ಟಿಗಳನ್ನ ಆ ಎರಡೂ ಮೂಲೆಗೆ ಒತ್ತಿ ಒತ್ತಿ ಕೂರಿಸಿ. ಕೈ ಕಾಣಿಸಲ್ಲ, ಬೆರಳ ತುದಿಯ ಅಂದಾಜಿನಲ್ಲೇ ಮಾಡಬೇಕು, ಗ್ಲೌಸ್ ಹರಿದೇ ಹರಿಯುತ್ತೆ. ಆಮೇಲೆ ರೆಸಿನ್‌ಗೆ ಬಾಡಿ ಪೇಸ್ಟ್ ಬೆರೆಸಿ ತೆಳು ಮಾಡಿ ಒಳಗೆ ಸುರಿದು, ಬಾಕ್ಸನ್ನ ಎಲ್ಲಾ ಕಡೆ ತಿರುಗಿಸಿದೆ. ಮೂಲೆ, ಸೂಜಿತೂತು ಎಲ್ಲ ಅದೇ ತುಂಬಿಕೊಂಡು ಹೋಗುತ್ತೆ. ಪೇಸ್ಟಿಗೆ ಅದರ ಕ್ರೀಮ್ ಹಾರ್ಡ್ನರ್, ರೆಸಿನ್‌ಗೆ ಅದರ ಹಾರ್ಡ್ನರ್, ಎರಡೂ ಹಾಕಬೇಕು. ಎಷ್ಟಕ್ಕೆ ಎಷ್ಟು ಅನ್ನೋ ಅಳತೆ ಹೇಳಲ್ಲ, ಕೈಯಾರೆ ಮಾಡಿ ಕಂಡುಕೊಳ್ಳಿ.

ನಡುವೆ ಗೋಣಿ ತಟ್ಟಿನ ಒಂದು ಪದರ ಹಾಕಿ ನೋಡೋ ಹುಚ್ಚೂ ಇತ್ತು. ಬೇರೆ ತುಂಡಿನ ಮೇಲೆ ಮಾಡಿದೆ. ಗಾಜಿನ ಪದರಗಳ ಮಧ್ಯೆ ಸೆಣಬು ಇದ್ದರೆ ಬಡಿದಾಗ ಸದ್ದು ಸತ್ತ ಹಾಗೆ ಕೇಳುತ್ತೆ, ಅದು ಒಳ್ಳೇದೇ. ಆದರೆ ರೆಸಿನ್ ವಿಪರೀತ ಕುಡಿಯುತ್ತೆ, ಅಷ್ಟೇ ದಪ್ಪದ ಗಾಜಿನಷ್ಟು ಬಿಗಿ ಬರಲ್ಲ. ಚಪ್ಪಟೆ ಜಾಗಕ್ಕೆ ಮಾತ್ರ ಸೇರಿಸಿದೆ. ಪೋರ್ಟ್ (ಗಾಳಿ ಹೋಗಿಬರೋ ಕೊಳವೆ) ಹಾಕೋ ಆಸೆ ಲೆಕ್ಕದಲ್ಲೇ ಬಿಟ್ಟೆ: 25 ಲೀಟರಿಗೆ ಮೂರಿಂಚು ಪಿವಿಸಿ ಪೈಪ್ ಇಟ್ಟು 35 ಹರ್ಟ್ಸ್‌ಗೆ ಟ್ಯೂನ್ ಮಾಡಬೇಕು ಅಂದರೆ ಪೈಪು 38 ಸೆಂಟಿಮೀಟರ್ ಹತ್ತಿರ ಉದ್ದ ಆಗುತ್ತೆ. ಆ ಗುಂಡಿಯಲ್ಲಿ ಎಲ್ಲಿಡೋದು?

ಪರೀಕ್ಷೆ ಎರಡು. ಕತ್ತಲಲ್ಲಿ ಒಳಗೆ ಟಾರ್ಚ್ ಇಟ್ಟು ಬೆಳಕು ಸೂಸೋ ಚುಕ್ಕಿ ಹುಡುಕೋದು. ಆಮೇಲೆ ಸಬ್ ಕೂರಿಸಿ ಅದರ ಅದುರೋ ಕೋನ್ ಮೇಲೆ ಅಂಗೈ ಇಟ್ಟು ಮೆಲ್ಲಗೆ ಒತ್ತಿ ಹಿಡಿಯೋದು. ಗಾಳಿ ಬಿಗಿ ಇದ್ದರೆ ಅದು ನಿಮ್ಮ ಕೈಯನ್ನ ವಾಪಸ್ ತಳ್ಳುತ್ತಲೇ ಇರುತ್ತೆ, ಸೋರಿದರೆ ಒತ್ತಡ ಇಳಿದುಹೋಗುತ್ತೆ. ವೈರ್ ಜೋಡಿಸೋ ರೆಡಿಮೇಡ್ ಟರ್ಮಿನಲ್ ಕಪ್ ಬಾಗಿದ ಮೈಗೆ ಸರಿಯಾಗಿ ಕೂರಲ್ಲ, ಸೋರೋದು ಅಲ್ಲೇ. ಬದಲಿಗೆ ಆರು ಎಂಎಂನ ಎರಡು ಹಿತ್ತಾಳೆ ಬೋಲ್ಟ್ ತೂರಿಸಿ, ಎರಡೂ ಬದಿ ವಾಷರ್ ಹಾಕಿ ರೆಸಿನ್ ಬಳಿದೆ. ಖರ್ಚು ಮೂವತ್ತು ರೂಪಾಯಿ. ಒಳಗೆ ದಿಂಬಿಗೆ ತುಂಬೋ ಫೈಬರ್ ಹತ್ತಿ ಮುನ್ನೂರು ಗ್ರಾಂ, ಸಡಿಲವಾಗಿ.

ಜೆ.ಸಿ. ರಸ್ತೆಯ ಅಂಗಡಿಯವರೇ ಬಂದು ಮುಂಭಾಗ ಗೆಣ್ಣಿನಿಂದ ಕುಟ್ಟಿ ನೋಡಿದರು. ಒಳಗೆ ಎಂಡಿಎಫ್ ಇದೆಯಾ ಅಂತ ಕೇಳಿದರು. ಇರೋದು ರಿಂಗ್ ಮಾತ್ರ. ಸಬ್ ಬಿಟ್ಟು ಬಾಕ್ಸಿನ ತೂಕ ಏಳು ಏಳೂವರೆ ಕೆಜಿ ಇರಬಹುದು.

ಕೂರಿಸುವಾಗ ತಗಡಿಗೂ ಚಿಪ್ಪಿಗೂ ನಡುವೆ ಐದು ಎಂಎಂ ಫೋಮ್ ಟೇಪ್ ಅಂಟಿಸಿ, ಇಲ್ಲದಿದ್ದರೆ ಕಚ್ಚಾ ರಸ್ತೆಯಲ್ಲಿ ಕಿರಕಿರ. ಬೋಲ್ಟಿಗೆ ಬಾಡಿಯಲ್ಲಿ ಮೊದಲೇ ಇರೋ ತೂತುಗಳನ್ನೇ ಬಳಸಿ, ಚಕ್ರದ ಕಮಾನಿಗೆ ಡ್ರಿಲ್ ಹಾಕಬೇಡಿ, ನೀರು ನುಗ್ಗಿ ತುಕ್ಕು ಹಿಡಿಯುತ್ತೆ. ರೆಸಿನ್ ವಾಸನೆ ಪೂರ್ತಿ ಹೋಗಬೇಕು ಅಂದರೆ ಕಾರ್ಪೆಟ್ ಅಂಟಿಸೋಕೆ ಮುಂಚೆ ಬಾಕ್ಸನ್ನ ಒಂದು ವಾರ ಮಾಳಿಗೆಯ ಬಿಸಿಲಲ್ಲಿ ಇಡಿ, ಮೇಲೆ ಕಾರ್ಪೆಟ್ ಹೊದ್ದ ಮೇಲೆ ಅದು ತಿಂಗಳುಗಟ್ಟಲೆ ಹೋಗೋದಿಲ್ಲ. ಸಬ್‌ನ ಗ್ಯಾಸ್ಕೆಟ್ ಮೊದಲ ಕೆಲವು ದಿನ ಅಮುಕಿಕೊಳ್ಳುತ್ತೆ, ಆಮೇಲೆ ಸ್ಕ್ರೂಗಳನ್ನ ಎದುರುಬದುರಾಗಿ ಇನ್ನೊಂದು ಸುತ್ತು ಬಿಗಿ ಮಾಡಿ.