ಗಾರ್ಗನ್ ಮುಖದ ಪದಕ: ಮೊದಲು ಕಣ್ಣು, ಆಮೇಲೆ ಮಿಕ್ಕಿದ್ದು

ಮೆಡೂಸಾ ಅಂದರೆ ಗ್ರೀಕ್ ಪುರಾಣದ ಒಬ್ಬ ಗಾರ್ಗನ್, ತಲೆತುಂಬ ಹಾವುಗಳಿರುವ ರಾಕ್ಷಸಿ. ನಾನು ಮೊದಲು ಮಾಡಿದ ಅವಳ ಪದಕ ನೋಡಿ ನನ್ನ ತಂಗಿ ಕೇಳಿದ್ದು ಒಂದೇ ಮಾತು: "ಪಾಪ, ಇವಳಿಗೆ ಹಲ್ಲುನೋವಾ?" ತಪ್ಪು ನನ್ನದೇ. ಚೆಂದದ ಹೆಣ್ಣಿನ ಮುಖ ಬರೆದು, ತಲೆಗೆ ನಾಲ್ಕು ಹಾವು ಸಿಕ್ಕಿಸಿ, ಬಾಯಿ ತೆರೆಸಿಬಿಟ್ಟಿದ್ದೆ.

ಗ್ರೀಕರು ಈ ಮುಖವನ್ನು ಗುರಾಣಿ, ಗುಡಿ, ನಾಣ್ಯ, ಒಡವೆಗಳ ಮೇಲೆ ಕೂರಿಸಿದ್ದು ಕೆಟ್ಟದ್ದನ್ನು ಹೆದರಿಸಿ ಓಡಿಸಲು. ಗಾರ್ಗನ್ ಹೆಸರಿನ ಮೂಲವಾದ 'ಗೊರ್ಗೋಸ್' ಎಂದರೇ ಭಯಂಕರ. ಆದ್ದರಿಂದ ಮೊದಲು ಯಾವ ಕಾಲದ ಮುಖ ಬೇಕು ಎಂದು ತೀರ್ಮಾನಿಸಿ. ಕ್ರಿ.ಪೂ. 6ನೇ ಶತಮಾನದ ಮುಖ ದುಂಡಗೆ, ಅಗಲ ಮೂಗು, ಕೋರೆಹಲ್ಲು, ಚಾಚಿದ ನಾಲಿಗೆ, ಎಷ್ಟೋ ಸಲ ಗಡ್ಡ ಕೂಡ! 5ನೇ ಶತಮಾನದಿಂದ ಇವಳು ಸಾಧುವಾಗುತ್ತಾ ಹೋಗುತ್ತಾಳೆ. ಮ್ಯೂನಿಕ್‌ನಲ್ಲಿರುವ ರೊಂಡಾನಿನಿ ಮೆಡೂಸಾ ಎಂಬ ಅಮೃತಶಿಲೆಯ ಮುಖ ನೋಡಿದರೆ ಹೆದರಿಕೆಯಲ್ಲ, ಅಯ್ಯೋ ಅನಿಸುತ್ತದೆ. ನನಗೆ ಹಳಬಳೇ ಇಷ್ಟ. ಕಾವಲಿಗೆ ನಿಂತವಳಿಗೆ ಚೆಲುವು ಯಾಕೆ?

ಮಾದರಿಗೆ ಗ್ರೀಸ್‌ನ ಕಾರ್ಫು ದ್ವೀಪದ ಆರ್ಟೆಮಿಸ್ ದೇವಿಯ ಗುಡಿಯಲ್ಲಿ ಕಲ್ಲಿನಲ್ಲಿ ಕೆತ್ತಿದ ಗಾರ್ಗನ್‌ನ ಚಿತ್ರ ಎದುರಿಗಿಟ್ಟುಕೊಳ್ಳಿ. ಕ್ರಿ.ಪೂ. 580ರ ಸುಮಾರಿನದು. ಮೈ ಓಡುತ್ತಿದೆ, ಸೊಂಟಕ್ಕೆ ಹಾವುಗಳ ಗಂಟು, ಮುಖ ಮಾತ್ರ ನೇರ ನಿಮ್ಮ ಕಡೆಗೆ. ಗುಟ್ಟು ಇರುವುದು ಇಲ್ಲೇ. ಆ ಕಾಲದ ಗ್ರೀಕ್ ಮಡಕೆಗಳ ಮೇಲೆ ಹೆಚ್ಚಿನವರೆಲ್ಲ ಪಕ್ಕಕ್ಕೆ ತಿರುಗಿರುತ್ತಾರೆ, ಇವಳೊಬ್ಬಳು ನಮ್ಮನ್ನೇ ದಿಟ್ಟಿಸುತ್ತಾಳೆ. ವೈನ್ ಕುಡಿಯುವ ಅಗಲ ಬಟ್ಟಲುಗಳ ಒಳತಳದಲ್ಲೂ ಇವಳನ್ನು ಬರೆಯುತ್ತಿದ್ದರು. ವೈನ್ ಖಾಲಿಯಾಗುತ್ತಾ ಬಂದ ಹಾಗೆ ಕೆಳಗಿನಿಂದ ಮುಖ ಮೇಲೇಳುತ್ತದೆ. ಬರೆದವನು ಸ್ವಲ್ಪ ತಮಾಷೆಯವನೇ ಇರಬೇಕು, ಅಲ್ವಾ?

ಈಗ ಕೆಲಸ. 0.1 ಮಿ.ಮೀ. ಆಸುಪಾಸಿನ ತಾಮ್ರದ ಹಾಳೆ, ಕತ್ತರಿ, ಶಾಯಿ ಮುಗಿದ ಬಾಲ್‌ಪೆನ್, ಕೆಳಗೆ ಹಾಸಲು ದಪ್ಪ ರಬ್ಬರ್ ಇಷ್ಟು ಸಾಕು. ಗ್ರೀಕ್ ಅಕ್ಕಸಾಲಿಗರೂ ತೆಳು ಚಿನ್ನದ ತಗಡನ್ನೇ ಉಬ್ಬಿಸುತ್ತಿದ್ದರು, ಅವರ ಕೈ ಬೇರೆ ಬಿಡಿ. 4 ಸೆಂ.ಮೀ. ವೃತ್ತ ಎಳೆಯಿರಿ. ಸುತ್ತ ಒಂದು ಬೆರಳು ಜಾಗ ಬಿಟ್ಟು ಹಾಳೆ ಕತ್ತರಿಸಿ. ಅಂಚು ಬೆರಳು ಕೊಯ್ಯುತ್ತದೆ, ಹುಷಾರು.

ಮೊದಲು ಕಣ್ಣು. ದೊಡ್ಡದಾಗಿರಲಿ, ಪಾಪೆ ನಟ್ಟನಡುವೆ ಬರಲಿ. ಒಂದು ಕೂದಲೆಳೆ ಪಕ್ಕಕ್ಕೆ ಸರಿದರೂ ಅವಳು ಬೇರೆ ಯಾರನ್ನೋ ಹುಡುಕುತ್ತಿರುವ ಹಾಗೆ ಕಾಣುತ್ತಾಳೆ. ಆಮೇಲೆ ಮೂಗು, ಮೇಲೆ ಎರಡು ಸುಕ್ಕು. ಬಾಯಿ ಕಿವಿಯಿಂದ ಕಿವಿಗೆ. ಹಣೆಯ ಮೇಲೆ ಬಸವನಹುಳದ ಚಿಪ್ಪಿನಂತೆ ಸುತ್ತಿದ ಗುಂಗುರು ಸಾಲು. ಹಾವು ಕೊನೆಗೆ, ಜಾಗ ಉಳಿದರೆ.

ಗೆರೆ ಮೂಡಿದ ಮೇಲೆ ಹಾಳೆ ತಿರುಗಿಸಿ, ಕೆನ್ನೆ, ಕಣ್ಣುಗುಡ್ಡೆ, ನಾಲಿಗೆಯನ್ನು ಹಿಂದಿನಿಂದ ಸ್ವಲ್ಪಸ್ವಲ್ಪವೇ ಒತ್ತಿ. ನಾಲಿಗೆ ಒಂದೇ ಸಲಕ್ಕೆ ಜಾಸ್ತಿ ಉಬ್ಬಲಿ ಎಂದು ಆಸೆಪಟ್ಟು ನಾನು ಎರಡು ಹಾಳೆ ಹರಿದಿದ್ದೇನೆ. ಮತ್ತೆ ಮುಂದಕ್ಕೆ ತಿರುಗಿಸಿ ಗೆರೆಗಳನ್ನು ಚೂಪು ಮಾಡಿ. ಹಿಂದಿನ ಗುಳಿಗಳಿಗೆ ಎಪಾಕ್ಸಿ (ಒಣಗಿ ಗಟ್ಟಿಯಾಗುವ ಅಂಟು) ತುಂಬಿ ಒಂದು ದಿನ ಬಿಡಿ, ಇಲ್ಲದಿದ್ದರೆ ಬೆರಳು ತಾಗಿದರೂ ಮೂಗು ಚಪ್ಪಟೆ. ಹೆಚ್ಚಿನ ಅಂಚನ್ನು ಹಿಂದಕ್ಕೆ ಮಡಚಿ.

ದಾರಕ್ಕೆ ಒಂದೇ ತೂತು ಮಾಡಬೇಡಿ. ಎಡಕ್ಕೊಂದು, ಬಲಕ್ಕೊಂದು ಮಾಡಿ. ಗ್ರೀಕ್ ದೇವಿ ಅಥೀನಾ ಇವಳ ಮುಖವನ್ನು ಎದೆಯ ಮೇಲೆ ಧರಿಸಿದ್ದು ಎದುರಿನವರಿಗೆ ಕಾಣಲಿ ಎಂದು. ನೇಪಲ್ಸ್‌ನ ಮೊಸಾಯಿಕ್ ಚಿತ್ರದಲ್ಲಿ ಅಲೆಕ್ಸಾಂಡರನ ಎದೆಕವಚದಲ್ಲೂ ಅವಳಿರುವುದು ಹೊರಮುಖವಾಗಿಯೇ. ಒಂದೇ ತೂತಾದರೆ ಪದಕ ಗಿರ್ರನೆ ತಿರುಗಿ, ಅವಳು ಇಡೀ ದಿನ ನಿಮ್ಮ ಅಂಗಿಯನ್ನೇ ಹೆದರಿಸುತ್ತಾ ಕೂರುತ್ತಾಳೆ.